ಸೋರುವುದು ನಿಂತಿದೆ, ಇನ್ನೊಂದು ಕೂಸು ಹೆರಬಹುದಾ?

ಪ್ರಶ್ನೆ: ಡಾಕ್ಟರ್ ಅಕ್ಕಾರಿಗೆ ನಮಸ್ಕಾರ. ನನಗೀಗ 22 ವರ್ಷ. 17ಕ್ಕೇ ಮದುವೆ ಮಾಡಿದರು. ಮೊದಲ ಹೆರಿಗೆಯಲ್ಲಿ ಎರಡು ದಿನ ಬ್ಯಾನಿ ತಿಂದೆ. ಮನೆಯಲ್ಲೇ ಆಗುತ್ತದೆ ಅಂತ ಕಾಯ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೂಸು ಹೋಗಿತ್ತು. ಮನೆಗೆ ಬಂದ ಮೇಲೆ ವಾರದೊಳಗೆ ಮೂತ್ರ ಸೋರಲು ಶುರುವಾಯಿತು. ಹಗಲು ರಾತ್ರಿ ಒಂದೇ ಸಮ. ಎರಡು ವರ್ಷ ಹಾಗೇ ಕಳೆದೆ. ಹೋದ ವರ್ಷ ಯುಗಾದಿ ಹೊತ್ತಿಗೆ ದೊಡ್ಡಾಸ್ಪತ್ರೆಯಲ್ಲಿ ಮೂತ್ರದ ಚೀಲದ ತೂತು ಮುಚ್ಚುವ ಫಿಸ್ಟುಲಾ ಆಪರೇಷನ್ ಮಾಡಿದರು. ಈಗ ಒಂದು ಹನಿಯೂ ಸೋರುವುದಿಲ್ಲ. ಮುಟ್ಟು ಸರಿಯಾಗಿ ಬರುತ್ತಿದೆ. ಮನೆಯಲ್ಲಿ ಕೂಸು ಬೇಕು ಅನ್ನುತ್ತಾರೆ, ನನಗೂ ಬೇಕು. ಆದರೆ ಮತ್ತೆ ತೂತು ಬಿದ್ದರೆ? ಅತ್ತೆಯವರು ಈ ಸಲ ಸರಳ ಹೆರಿಗೆಯೇ ಆಗಲಿ, ಸಿಸೇರಿಯನ್ ಆದರೆ ಸೊಂಟ ಹೋಗುತ್ತದೆ ಅನ್ನುತ್ತಾರೆ. ಹಿಂದಿನದನ್ನು ಹೊಸ ಡಾಕ್ಟರ ಮುಂದೆ ಹೇಳಬೇಡ, ಮರ್ಯಾದೆ ಪ್ರಶ್ನೆ ಅಂತಲೂ ಹೇಳಿದ್ದಾರೆ. ಏನು ಮಾಡಲಿ? ನನ್ನ ತಂಗಿಗೆ 16, ಅವಳಿಗೂ ಈಗ ಗಂಡು ನೋಡುತ್ತಿದ್ದಾರೆ.
— ಹೆಸರು ಬೇಡ, ಜಮಖಂಡಿ ತಾಲ್ಲೂಕು

ಉತ್ತರ: ತಂಗಿ, ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ನೀವು ಮತ್ತೆ ಬಸಿರಾಗಬಹುದು. ಕೂಸನ್ನು ಎತ್ತಿಕೊಂಡು ಮನೆಗೆ ಬರಬಹುದು. ಆದರೆ ಈ ಸಲ ಸಿಸೇರಿಯನ್ನೇ ಆಗಬೇಕು, ಅದೂ ಬ್ಯಾನಿ ಶುರುವಾಗುವ ಮುಂಚೆ. ನಿಮ್ಮನ್ನು ನೋಡುವ ಪ್ರತಿ ಡಾಕ್ಟರಿಗೂ ಹಿಂದೆ ಆದದ್ದೆಲ್ಲ ಗೊತ್ತಿರಬೇಕು. ಅತ್ತೆಯವರ ಎರಡು ಮಾತಿಗೂ ನನ್ನ ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳುತ್ತೇನೆ, ಅವರನ್ನೂ ಪಕ್ಕದಲ್ಲಿ ಕೂಡಿಸಿಕೊಂಡು ಓದಿ.

ಕೂಸಿನ ತಲೆ ಸೊಂಟದ ಎಲುಬಿನಲ್ಲಿ ಸಿಕ್ಕಿಕೊಂಡಿತ್ತು. ಮೂತ್ರದ ಚೀಲ ಇರುವುದು ಆ ತಲೆಗೂ ಮುಂದಿನ ಎಲುಬಿಗೂ ನಡುವೆ. ಬೆರಳಿಗೆ ದಾರ ಬಿಗಿದು ಕಟ್ಟಿದರೆ ಹೇಗೆ ರಕ್ತ ಓಡದೆ ನೀಲಿಯಾಗುತ್ತದೋ, ಅಲ್ಲಿನ ಮಾಂಸಕ್ಕೂ ಹಾಗೇ ಆಗುತ್ತದೆ. ತಾಸುಗಟ್ಟಲೆ ಒತ್ತಿದರೆ ಆ ಜಾಗ ಸತ್ತೇ ಹೋಗುತ್ತದೆ. ಸತ್ತ ಮಾಂಸ ಕಳಚಿ ಬೀಳಲು ಸಾಮಾನ್ಯವಾಗಿ 3ರಿಂದ 10 ದಿನ ಬೇಕು. ಆಗ ಮೂತ್ರದ ಚೀಲಕ್ಕೂ ಹೆರಿಗೆಯ ದಾರಿಗೂ ನಡುವೆ ತೂತು ಬೀಳುತ್ತದೆ, ಅದೇ ಫಿಸ್ಟುಲಾ. ಅದಕ್ಕೇ ನಿಮಗೆ ಮನೆಗೆ ಬಂದ ಮೇಲೆ ಸೋರಿದ್ದು. ತಣ್ಣೀರು ಕುಡಿದದ್ದಕ್ಕಲ್ಲ, ಯಾರ ದೃಷ್ಟಿ ತಾಗಿಯೂ ಅಲ್ಲ. ಇಂಥ ಹೆರಿಗೆಯಲ್ಲಿ ಹೆಚ್ಚಿನ ಕೂಸುಗಳು ಬದುಕುವುದಿಲ್ಲ. ನಿಮ್ಮ ಕೂಸು ಹೋದದ್ದೂ ಸಿಕ್ಕಿಕೊಂಡು ಉಸಿರು ಸಾಲದೆ. ನಿಮಗೆ ಹೆರಲು ಬರಲಿಲ್ಲ ಅಂತ ಯಾರಾದರೂ ಅಂದಿದ್ದರೆ, ಆ ಮಾತನ್ನು ಇವತ್ತೇ ಮನಸ್ಸಿನಿಂದ ತೆಗೆದುಹಾಕಿ.

ಇದು ನಿಮ್ಮೊಬ್ಬರಿಗೇ ಬಂದ ಕಷ್ಟವೂ ಅಲ್ಲ. ಜಗತ್ತಿನಲ್ಲಿ ವರ್ಷಕ್ಕೆ 50,000ದಿಂದ 1,00,000 ಹೆಣ್ಣುಮಕ್ಕಳಿಗೆ ಹೆರಿಗೆಯ ಫಿಸ್ಟುಲಾ ಆಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈಗ ಸರಳ ಹೆರಿಗೆಯ ಮಾತು. ಆಪರೇಷನ್ನಿನಲ್ಲಿ ತೂತು ಮುಚ್ಚಿದ್ದಾರೆ, ಆದರೆ ಅಲ್ಲಿ ಬೆಳೆದಿರುವುದು ಗಾಯದ ಗಟ್ಟಿ ಚರ್ಮ. ಮೊದಲಿನ ಮೆತ್ತಗಿನ, ಹಿಗ್ಗುವ ಮಾಂಸ ಅಲ್ಲ. ಮತ್ತೊಂದು ಕೂಸಿನ ತಲೆ ಅದರ ಮೇಲೆ ತಾಸುಗಟ್ಟಲೆ ಒತ್ತಿದರೆ ಹರಿಯಬಹುದು. ನಿಮ್ಮ ಸೊಂಟದ ಎಲುಬೂ ಅದೇ ಅಲ್ವಾ? ಮೊದಲ ಕೂಸು ಸಿಕ್ಕಿಕೊಂಡ ದಾರಿಯಲ್ಲೇ ಎರಡನೆಯದನ್ನೂ ಕಳಿಸಿ ನೋಡೋಣ ಅನ್ನುವ ಧೈರ್ಯ ನನಗಿಲ್ಲ. ಸಿಸೇರಿಯನ್ನಿನಿಂದ ಸೊಂಟ ಹೋಗುತ್ತದೆ ಅನ್ನುವುದು ನಮ್ಮ ಕಡೆ ಮನೆ ಮನೆಯಲ್ಲಿ ಕೇಳುವ ಮಾತು. ಬಸಿರಿನಲ್ಲಿ, ಬಾಣಂತನದಲ್ಲಿ ಬೆನ್ನು ನೋಯುವುದು ಸರಳ ಹೆರಿಗೆಯಾದವರಿಗೂ ಇದ್ದದ್ದೇ. ಅತ್ತೆಯವರೇ, ನಿಮ್ಮ ಸೊಸೆ ಎರಡು ವರ್ಷ ಒದ್ದೆ ಸೀರೆಯಲ್ಲಿ ಕಳೆದದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ. ದಯವಿಟ್ಟು ಈ ಒಂದು ವಿಷಯದಲ್ಲಿ ಪಟ್ಟು ಹಿಡಿಯಬೇಡಿ.

ಮುಚ್ಚಿಡುವ ವಿಷಯಕ್ಕೆ ಬರುತ್ತೇನೆ. ನನಗೆ ಜಾಸ್ತಿ ಭಯ ಇರುವುದು ಇದರದ್ದೇ. ಫಿಸ್ಟುಲಾ ಆಪರೇಷನ್ ಆದವರ ಮೂತ್ರದ ಚೀಲ ಗರ್ಭಕೋಶಕ್ಕೆ ಅಂಟಿಕೊಂಡಿರಬಹುದು, ಮೇಲಕ್ಕೆ ಎಳೆದುಕೊಂಡಿರಬಹುದು. ಗೊತ್ತಿಲ್ಲದೆ ಸಿಸೇರಿಯನ್ ಮಾಡಲು ಹೋದವರ ಕೈಯಲ್ಲಿ ಅದೇ ಚೀಲಕ್ಕೆ ಪೆಟ್ಟಾಗಬಹುದು. ಗೊತ್ತಿದ್ದರೆ ಹಿರಿಯ ಡಾಕ್ಟರನ್ನು ಕರೆಸುತ್ತಾರೆ, ಚೀಲವನ್ನು ಹುಷಾರಾಗಿ ಬಿಡಿಸುತ್ತಾರೆ, ಮೂತ್ರದ ಪೈಪನ್ನು ಬೇಕಿದ್ದರೆ ಎಂದಿಗಿಂತ ಜಾಸ್ತಿ ದಿನ ಇಡುತ್ತಾರೆ. ಬಾಯಿಬಿಟ್ಟು ಹೇಳಲು ಸಂಕೋಚ ಅನ್ನಿಸಿದರೆ ಸುಮ್ನೆ ಡಿಸ್ಚಾರ್ಜ್ ಕಾರ್ಡ್ ತೆಗೆದು ಮೇಜಿನ ಮೇಲಿಡಿ. ಆಪರೇಷನ್ ಹೊಟ್ಟೆಯಿಂದ ಮಾಡಿದ್ದೋ ಕೆಳಗಿನಿಂದ ಮಾಡಿದ್ದೋ, ತೂತು ಎಷ್ಟು ದೊಡ್ಡದಿತ್ತು, ಎಲ್ಲ ಅದರಲ್ಲಿರುತ್ತದೆ. ಕಾರ್ಡ್ ಕಳೆದಿದ್ದರೆ ಆಪರೇಷನ್ ಆದ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಈಗಲೇ ನಕಲು ಕೇಳಿ. ಬಸಿರಾದ ಮೇಲೆ ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಪೆನ್ನಿನಿಂದ ಬರೆಸಿ: ಹಿಂದೆ ಫಿಸ್ಟುಲಾ ಆಪರೇಷನ್ ಆಗಿದೆ, ಸಿಸೇರಿಯನ್ ಮಾತ್ರ. ರಾತ್ರಿ ಹೊತ್ತು ಯಾವ ನರ್ಸಮ್ಮನ ಕೈಗೆ ಆ ಕಾರ್ಡ್ ಹೋದರೂ ಅವರಿಗೆ ಗೊತ್ತಾಗಬೇಕು.

ಬಸಿರಾಗುವ ಮುಂಚೆ ಒಂದು ಸಲ ಗಂಡನನ್ನೂ ಕರೆದುಕೊಂಡು ಹೋಗಿ ತೋರಿಸಿಕೊಂಡು ಬನ್ನಿ. ಆಪರೇಷನ್ ಆದ ಮೇಲೆ ಒಂದು ವರ್ಷ ಬಿಟ್ಟು ಬಸಿರಾಗಿ ಅಂತ ನಾವು ಸಾಮಾನ್ಯವಾಗಿ ಹೇಳುತ್ತೇವೆ, ನಿಮಗೆ ಅಷ್ಟು ಕಾಲ ಆಗಿದೆ. ಕೆಳಗೆ ಗಾಯದಿಂದ ದಾರಿ ಬಿಗಿಯಾಗಿದೆಯಾ ಅಂತ ನೋಡುತ್ತಾರೆ. ಕೆಲವರಿಗೆ ಅದರಿಂದ ಗಂಡನ ಜೊತೆ ಸೇರುವಾಗ ನೋವಿರುತ್ತದೆ. ನಿಮಗೂ ಇದ್ದರೆ ನಾಚಿಕೊಳ್ಳದೆ ಹೇಳಿ, ಅದಕ್ಕೆ ಚಿಕಿತ್ಸೆ ಇದೆ. ಮೂತ್ರದಲ್ಲಿ ಸೋಂಕು ಇದೆಯಾ, ರಕ್ತ ಎಷ್ಟಿದೆ ಅಂತಲೂ ಪರೀಕ್ಷೆ ಮಾಡುತ್ತಾರೆ. ಫೋಲಿಕ್ ಆ್ಯಸಿಡ್ ಮಾತ್ರೆ ಆಗಿನಿಂದಲೇ ಶುರು. ಇಷ್ಟು ಕಷ್ಟದ ಹೆರಿಗೆಯಾದ ಕೆಲವರಿಗೆ ತಿಂಗಳುಗಟ್ಟಲೆ ಮುಟ್ಟೇ ನಿಂತಿರುತ್ತದೆ. ನಿಮಗೆ ಸರಿಯಾಗಿ ಬರುತ್ತಿರುವುದು ಒಳ್ಳೆಯ ಲಕ್ಷಣ. ಒಂದು ವರ್ಷ ಕೂಡಿ ಬಾಳಿದರೂ ಬಸಿರಾಗದಿದ್ದರೆ ಮತ್ತೆ ಬನ್ನಿ, ಇಬ್ಬರೂ.

ಬಸಿರಿನಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುತ್ತದೆ. ಎಲ್ಲರಿಗೂ ಹಾಗೇ. ತೂತು ಮತ್ತೆ ಬಿತ್ತು ಅಂತ ಹೆದರಬೇಡಿ, ನೀರು ಕುಡಿಯುವುದನ್ನೂ ಕಡಿಮೆ ಮಾಡಬೇಡಿ. ಉರಿ, ಚಳಿ ಜ್ವರ ಇದ್ದರೆ ತಡಮಾಡದೆ ತೋರಿಸಿ. ಇನ್ನೊಂದು ಮಾತು, ಇದನ್ನು ಮರೆಯಲೇಬೇಡಿ. ಕೊನೆಯ ತಿಂಗಳುಗಳಲ್ಲಿ ಸೀರೆ ಒದ್ದೆಯಾದರೆ ನಿಮ್ಮಂಥವರು ಹಳೆಯ ರೋಗ ಬಂತು ಅಂದುಕೊಂಡು ಬಟ್ಟೆ ಬದಲಿಸಿ ಸುಮ್ಮನಾಗುವ ಸಂಭವ ಇದೆ. ಅದು ಕೂಸಿನ ಸುತ್ತಲಿನ ನೀರು ಒಡೆದದ್ದೂ ಆಗಿರಬಹುದು. ಯಾವುದು ಅಂತ ಡಾಕ್ಟರು ಪರೀಕ್ಷೆ ಮಾಡಿ ಹೇಳುತ್ತಾರೆ. ಒದ್ದೆಯಾದ ತಕ್ಷಣ ಹೊರಡಿ.

ಜಾಗ, ದಿನ ಎರಡನ್ನೂ ಏಳನೇ ತಿಂಗಳೊಳಗೆ ಗಟ್ಟಿ ಮಾಡಿಕೊಳ್ಳಿ. ಸಾಮಾನ್ಯವಾಗಿ 38–39 ವಾರಕ್ಕೆ ಸಿಸೇರಿಯನ್ ಇಡುತ್ತಾರೆ. ರಕ್ತ ನಿಧಿ, ಅರಿವಳಿಕೆ ಡಾಕ್ಟರು, ಮೂತ್ರಾಂಗದ ಸರ್ಜನ್ ಇರುವ ಕಡೆಯೇ ಆಗಲಿ. ನಿಮಗೆ ಬಾಗಲಕೋಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಯಾದರೂ ಆಯಿತು, ವಿಜಯಪುರದ್ದಾದರೂ ಆಯಿತು. ಕುಬಸ ಮಾಡಿಸಿಕೊಂಡು ತವರಿಗೆ ಹೋಗುವುದಿದ್ದರೆ ಹೋಗಿ ಬನ್ನಿ, ಆದರೆ 36 ವಾರ ತುಂಬಿದ ಮೇಲೆ ಆಸ್ಪತ್ರೆಗೆ ಹತ್ತಿರದ ಮನೆಯಲ್ಲೇ ಇರಿ. ನಿಮ್ಮ ಊರು ಕೃಷ್ಣೆಯ ದಂಡೆಯಲ್ಲಿದ್ದರೆ ಇನ್ನೂ ಎಚ್ಚರ. ದಿನ ತುಂಬುವುದು ಆಷಾಢ, ಶ್ರಾವಣಕ್ಕೆ ಬಂದರೆ ಹೊಳೆ ಏರಿ ದಾರಿ ಬಂದ್ ಆಗುವ ಮುಂಚೆಯೇ ಬಾಗಲಕೋಟೆಯಲ್ಲೋ ವಿಜಯಪುರದಲ್ಲೋ ನೆಂಟರ ಮನೆ ನೋಡಿಕೊಳ್ಳಿ. ದಿನಕ್ಕೆ ಮುಂಚೆ ಬ್ಯಾನಿ ಬಂದರೆ 108ಕ್ಕೆ ಫೋನ್ ಮಾಡಿ, ಹಿಂದೆ ಫಿಸ್ಟುಲಾ ಆಗಿತ್ತು ಅಂತ ಮೊದಲ ಮಾತಿಗೇ ಹೇಳಿ, ಸಿಸೇರಿಯನ್ ಮಾಡುವ ಆಸ್ಪತ್ರೆಗೇ ಕರೆದೊಯ್ಯಲು ಕೇಳಿ.

ಮೆಡಿಕಲ್ ಕಾಲೇಜು ಆಸ್ಪತ್ರೆ ಖಾಸಗಿಯದಾದರೆ ಖರ್ಚು ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ನೂ ಉಚಿತ, ಬಸಿರಿ-ಬಾಣಂತಿಯರಿಗೆ ಔಷಧ, ಊಟ, ವಾಹನವೂ ಉಚಿತ. ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರೇ ಬಸಿರಿಯರನ್ನು ನೋಡುತ್ತಾರೆ, ಆಶಾ ಅಕ್ಕನ ಜೊತೆ ಹೋಗಿ.

ನಿಮ್ಮ ತಂಗಿಯ ವಿಷಯ ಪತ್ರದ ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೀರಿ. ನನಗೆ ಅದು ಸಣ್ಣ ಸಾಲಲ್ಲ. ಹದಿನಾರಕ್ಕೆ ಸೊಂಟದ ಎಲುಬು ಪೂರ್ತಿ ಬೆಳೆದಿರುವುದಿಲ್ಲ, ಕೂಸು ಸಿಕ್ಕಿಕೊಳ್ಳುವ ಅಪಾಯ ಅಂಥ ವಯಸ್ಸಿಗೆ ಜಾಸ್ತಿ. 18 ತುಂಬದೆ ಮದುವೆ ಮಾಡುವುದು ಅಪರಾಧವೂ ಹೌದು. ಅಪ್ಪ ಅವ್ವನ ಮುಂದೆ ನಿಮ್ಮ ಕತೆಯನ್ನೇ ಹೇಳಿ, ನಿಮ್ಮಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು. ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಆ ಫೋನಿಗೆ ದುಡ್ಡಿಲ್ಲ.

ಪ್ರಶ್ನೆ: ನನ್ನ ತಂಗಿಗೆ ಹೆರಿಗೆಯಾಗಿ ಹನ್ನೆರಡು ದಿನ. ತುಂಬಾ ಹೊತ್ತು ಕಷ್ಟಪಟ್ಟು ಹೆತ್ತಳು. ಮೂರು ದಿನದಿಂದ ಮೂತ್ರ ತಾನೇ ಹರಿಯುತ್ತಿದೆ. ಒಂದು ಪಾದ ಎಳೆದುಕೊಂಡು ನಡೆಯುತ್ತಾಳೆ. ನಂಜು, ಬಾಣಂತನ ಮುಗಿದರೆ ಸರಿಹೋಗುತ್ತದೆ ಅನ್ನುತ್ತಾರೆ. ಕಾಯಬಹುದಾ?
— ಅಕ್ಕ, ಇಂಡಿ ತಾಲ್ಲೂಕು

ಉತ್ತರ: ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈ ಉತ್ತರ ನಿಮಗೆ ಅಂಚೆಯಲ್ಲಿ ಮೊದಲೇ ಕಳಿಸಿದ್ದೇನೆ. ಇದೇ ತೊಂದರೆ ಇರುವ ಬೇರೆ ಮನೆಗಳಿಗಾಗಿ ಇಲ್ಲಿಯೂ ಬರೆಯುತ್ತಿದ್ದೇನೆ. ತೂತು ಹೊಸದಾಗಿ, ಸಣ್ಣದಾಗಿ ಇದ್ದಾಗ ಮೂತ್ರದ ಚೀಲಕ್ಕೆ ಪೈಪು ಹಾಕಿ 4ರಿಂದ 6 ವಾರ ಚೀಲವನ್ನು ಖಾಲಿ ಇಟ್ಟರೆ, ಎಷ್ಟೋ ಜನರಿಗೆ ಆಪರೇಷನ್ ಇಲ್ಲದೆಯೇ ಕೂಡಿಕೊಳ್ಳುತ್ತದೆ. ಈ ಅವಕಾಶ ಮೊದಲ ವಾರಗಳದ್ದು. ಬಾಣಂತಿಯನ್ನು ಹೊಸ್ತಿಲು ದಾಟಿಸಬಾರದು ಅಂತ ಕೂತರೆ ಅದು ಕೈತಪ್ಪುತ್ತದೆ. ಪೈಪಿನಿಂದ ಮುಚ್ಚದಿದ್ದರೆ ಗಾಯ ತಿಳಿಯಾಗಲು ಸಾಮಾನ್ಯವಾಗಿ 3 ತಿಂಗಳು ಬಿಟ್ಟು ಆಪರೇಷನ್ ಮಾಡುತ್ತಾರೆ. ಪಾದ ಎಳೆಯುವುದನ್ನೂ ಡಾಕ್ಟರಿಗೆ ಹೇಳಿ. ಅದೇ ಒತ್ತಡಕ್ಕೆ ಕಾಲಿನ ನರ ಸಿಕ್ಕಿರುತ್ತದೆ, ವ್ಯಾಯಾಮದಿಂದ ಹೆಚ್ಚಿನವರಿಗೆ ನಿಧಾನಕ್ಕೆ ಸುಧಾರಿಸುತ್ತದೆ.

ಅಲ್ಲಿಯವರೆಗೆ ನೀರು ಧಾರಾಳವಾಗಿ ಕುಡಿಸಿ. ಕಡಿಮೆ ಕುಡಿದರೆ ಸೋರುವುದು ನಿಲ್ಲುವುದಿಲ್ಲ, ಮೂತ್ರ ಗಟ್ಟಿಯಾಗಿ ವಾಸನೆ, ಉರಿ ಎರಡೂ ಜಾಸ್ತಿಯಾಗುತ್ತವೆ. ಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ವ್ಯಾಸಲಿನ್ ಹಚ್ಚಿ, ಹಳೆಯ ಮೆತ್ತನೆಯ ಅರಿವೆ ಮಡಚಿ ಕೊಡಿ. ಹೊರಸಿನ ಕೆಳಗೆ ಕೆಂಡ ಇಟ್ಟು ಬಳ್ಳೊಳ್ಳಿ ಸಿಪ್ಪೆ, ಅಜವಾನದ ಹೊಗೆ ಹಾಕುವುದು ಬೇಡ, ಒದ್ದೆ ಚರ್ಮ ಸುಡುತ್ತದೆ. ನನ್ನ ಒಪಿಡಿಗೆ ಬರುವ ಇಂಥ ಹೆಣ್ಣುಮಕ್ಕಳು ಸ್ಟೂಲಿನ ಮೇಲೆ ಕೂಡುವುದೇ ಇಲ್ಲ. ಒದ್ದೆಯಾದೀತು ಅಂತ ಗೋಡೆಗೆ ಒರಗಿ ನಿಂತು ಮಾತಾಡುತ್ತಾರೆ. ಕೂಡಲು ಹೇಳಿದರೆ ಸೆರಗು ಮಡಚಿ ಕೆಳಗೆ ಹಾಕಿಕೊಳ್ಳುತ್ತಾರೆ. ನಿಮ್ಮ ತಂಗಿಯೂ ಹಾಗೇ ಮಾಡಿದರೆ ಕೈ ಹಿಡಿದು ಕೂಡಿಸಿ. ಸ್ಟೂಲು ಒರೆಸಿಕೊಳ್ಳುವುದು ನಮ್ಮ ಕೆಲಸ.

ಪ್ರಶ್ನೆ: ನನಗೆ 46. ಕೆಮ್ಮಿದರೆ, ಕೊಡ ಎತ್ತಿದರೆ ನಾಲ್ಕು ಹನಿ ಮೂತ್ರ ಬರುತ್ತದೆ. ಇದೂ ಫಿಸ್ಟುಲಾನಾ?
— ಖಾನಾಪುರ

ಉತ್ತರ: ಅಲ್ಲ. ನಡುವೆ ಒಣಗಿರುತ್ತೀರಿ ಅಲ್ವಾ? ಇದು ಕೆಳಗಿನ ಸ್ನಾಯು ಸಡಿಲವಾದದ್ದು. ಮೂತ್ರ ತಡೆಹಿಡಿಯುವ ಹಾಗೆ ಆ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ದಿನಾ ಮೂರು ಹೊತ್ತು, ಮೂರು ತಿಂಗಳು ಬಿಡದೆ ಮಾಡಿ. ಸರಿಯಾದ ಸ್ನಾಯು ಯಾವುದು ಅಂತ ಒಮ್ಮೆ ಡಾಕ್ಟರಿಂದ ತಿಳಿದುಕೊಳ್ಳಿ. ಆದರೆ ಗರ್ಭಕೋಶ ತೆಗೆಸಿದ ಮೇಲೆ, ಕೆಮ್ಮದಿದ್ದರೂ ಮಲಗಿದ್ದರೂ ಸೋರುತ್ತಿದ್ದರೆ ಲೆಕ್ಕ ಬೇರೆ. ಆ ಆಪರೇಷನ್ನಿನ ನಂತರ ಫಿಸ್ಟುಲಾ ಆದವರೂ ನಮ್ಮಲ್ಲಿಗೆ ಬರುತ್ತಾರೆ. ಚೀಲಕ್ಕೆ ನೀಲಿ ಬಣ್ಣದ ನೀರು ಬಿಟ್ಟು ಎಲ್ಲಿಂದ ಹೊರಬರುತ್ತದೆ ಅಂತ ನೋಡಿ ಪತ್ತೆ ಮಾಡುತ್ತಾರೆ, ಒಪಿಡಿಯಲ್ಲೇ ಆಗುವ ಪರೀಕ್ಷೆ.