ಆರು ಟ್ರಂಪೆಟ್ ತರಿಸುವ ಮೊದಲು: ಇಗರ್ಜಿ ಬ್ಯಾಂಡ್ ಮತ್ತೆ ಕಟ್ಟುವವರಿಗೆ

ಉಡುಪಿ ಜಿಲ್ಲೆಯ ಶಿರ್ವದ ಕಡೆಯ ಗೆಳೆಯರ ಪ್ರಶ್ನೆ ಓದಿದೆ. ತಡವಾಗಿ ಬಂದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಅವರ ಇಗರ್ಜಿಯ (ಚರ್ಚಿನ) ಬ್ಯಾಂಡ್ ನಿಂತು ಎಷ್ಟೋ ಕಾಲವಾಗಿದೆ. ಹಳೆ ವಾದ್ಯಗಳು ಹಾಲ್‌ನ ಹಿಂದಿನ ಕೋಣೆಯಲ್ಲಿ ಬಿದ್ದಿವೆ. ಈಗ 15 ಮಂದಿ ಯುವಕ ಯುವತಿಯರು ಕಲಿಯಲು ತಯಾರಿದ್ದಾರೆ. ಕಮಿಟಿಯವರು ಆರು ಹೊಸ ಟ್ರಂಪೆಟ್ ತರಿಸುವ ಯೋಚನೆಯಲ್ಲಿದ್ದಾರೆ. ಜನವರಿ ಹಬ್ಬದ ಮೆರವಣಿಗೆಗೆ ನುಡಿಸಲು ಆಗುತ್ತದಾ, ಇಂಗ್ಲೆಂಡಿನ ಬ್ಯಾಂಡ್ ಸ್ಪರ್ಧೆಗಳಲ್ಲಿ ಎಂತ ನುಡಿಸುತ್ತಾರೆ, ನಮಗೂ ಅದು ಸಾಧ್ಯವಾ ಅಂತ ಕೇಳಿದ್ದಾರೆ.

ಮೊದಲು ದುಡ್ಡಿನ ವಿಷಯ. ಆರು ಟ್ರಂಪೆಟ್ ದಯವಿಟ್ಟು ತರಿಸಬೇಡಿ. ನಮ್ಮ ಊರಿನ ಮದುವೆ, ಮೆರವಣಿಗೆಗಳಲ್ಲಿ ಕೇಳಿ ಕೇಳಿ ಬ್ಯಾಂಡ್ ಅಂದರೆ ಟ್ರಂಪೆಟ್ ಮತ್ತು ಡ್ರಮ್ ಎಂದು ಎಲ್ಲರ ತಲೆಯಲ್ಲಿ ಕೂತಿದೆ. ಎಲ್ಲರೂ ಮೇಲಿನ ರಾಗವನ್ನೇ ನುಡಿಸಿದರೆ ಸದ್ದು ಜಾಸ್ತಿಯಾಗುತ್ತದೆ, ತುಂಬುವುದಿಲ್ಲ. ಹಿತ್ತಾಳೆ ಬ್ಯಾಂಡಿನ ಬೆಚ್ಚಗಿನ ನಾದ ಬರುವುದು ನಡುವಿನಿಂದ ಮತ್ತು ಕೆಳಗಿನಿಂದ. ನಿಮ್ಮ ದುಡ್ಡು, ಒಳ್ಳೆಯ ಕಿವಿಯ ಹುಡುಗ ಹುಡುಗಿಯರು, ಕಲಿಸುವ ಸಮಯ, ಎಲ್ಲವನ್ನೂ ಮೊದಲು ಅಲ್ಲಿಗೆ ಹಾಕಿ.

ಇಂಗ್ಲೆಂಡಿನ ಪದ್ಧತಿಯನ್ನೇ ನೋಡಿ. ಅಲ್ಲಿ ಸ್ಪರ್ಧೆಗೆ ಹೋಗುವ ಬ್ಯಾಂಡಿನಲ್ಲಿ ಸುಮಾರು 28 ಮಂದಿ ಇರುತ್ತಾರೆ. ಮೇಲಿನ ರಾಗಕ್ಕೆ ಬಿ-ಫ್ಲಾಟ್ ಕಾರ್ನೆಟ್ (ಟ್ರಂಪೆಟ್‌ನ ಹಾಗೆಯೇ ಕಾಣುವ ಗಿಡ್ಡ ವಾದ್ಯ) ಒಂಬತ್ತು, ಅದಕ್ಕಿಂತ ಎತ್ತರದ ಸೊಪ್ರಾನೋ ಕಾರ್ನೆಟ್ ಒಂದು. ಟ್ರಂಪೆಟ್ ಇರುವುದೇ ಇಲ್ಲ. ಕಾರ್ನೆಟ್‌ನ ಕೊಳವೆ ಒಳಗೆ ಮೆಲ್ಲಮೆಲ್ಲನೆ ಅಗಲವಾಗುತ್ತಾ ಹೋಗುವುದರಿಂದ ಅದರ ದನಿ ಮೃದು. ಉಳಿದ ಜಾಗವೆಲ್ಲ ನಡುವಿನವರಿಗೆ ಮತ್ತು ಕೆಳಗಿನವರಿಗೆ: ನಡು ದನಿಗೆ ಫ್ಲೂಗಲ್ ಹಾರ್ನ್ ಒಂದು, ಟೆನರ್ ಹಾರ್ನ್ ಮೂರು, ಅದರ ಕೆಳಗೆ ಬ್ಯಾರಿಟೋನ್ ಎರಡು, ಯೂಫೋನಿಯಂ ಎರಡು, ಕೊಳವೆ ಜಾರಿಸಿ ನುಡಿಸುವ ಟ್ರಂಬೋನ್ ಮೂರು, ಎಲ್ಲಕ್ಕಿಂತ ಕೆಳಗೆ ದೊಡ್ಡ ಬೇಸ್ (ಟ್ಯೂಬಾ) ನಾಲ್ಕು. ಮತ್ತೆ ತಾಳದವರು. ಲೆಕ್ಕ ಹಾಕಿದರೆ ಅರ್ಧಕ್ಕಿಂತ ಹೆಚ್ಚು ಮಂದಿ ಮುಖ್ಯ ರಾಗದ ಕೆಳಗೇ ಇದ್ದಾರೆ.

ನಿಮ್ಮ 15 ಮಂದಿಗೆ ನಾನಾದರೆ ಹೀಗೆ ಹಂಚುತ್ತೇನೆ. ಕಾರ್ನೆಟ್ ಅಥವಾ ಈಗಾಗಲೇ ಇರುವ ಟ್ರಂಪೆಟ್‌ಗೆ ಐದು ಮಂದಿ, ಟೆನರ್ ಹಾರ್ನ್‌ಗೆ ಇಬ್ಬರು, ಬ್ಯಾರಿಟೋನ್ ಒಬ್ಬರು, ಯೂಫೋನಿಯಂ ಒಬ್ಬರು, ಟ್ರಂಬೋನ್ ಇಬ್ಬರು, ಬೇಸ್ ಇಬ್ಬರು, ಡ್ರಮ್ ಇಬ್ಬರು. ಯೂಫೋನಿಯಂ ನಿಮ್ಮಲ್ಲಿ ಅತ್ಯಂತ ಚೆನ್ನಾಗಿ ಹಾಡುವವರ ಕೈಗೆ ಹೋಗಲಿ.

ಟೆನರ್ ಹಾರ್ನ್, ಬ್ಯಾರಿಟೋನ್ ಎಲ್ಲಿಂದ ತರುವುದು ಅಂತ ಕೇಳಬಹುದು. ಹೊಸದು ಬೇಕಾದರೆ ಮೀರತ್‌ನ ಜಾಲಿ ಕೋಠಿ ಬೀದಿ ಉಂಟು. ನಮ್ಮ ದೇಶದ ಬ್ಯಾಂಡ್ ವಾದ್ಯಗಳು ಹೆಚ್ಚಾಗಿ ತಯಾರಾಗುವುದು ಅಲ್ಲೇ. ಅಲ್ಲಿನ ನಾದಿರ್ ಅಲಿ ಕಂಪನಿ 1885ರಿಂದ ನಡೆಯುತ್ತಿದೆ. ಆದರೆ ಅದಕ್ಕಿಂತ ಹತ್ತಿರದ ದಾರಿಯೊಂದು ನಮ್ಮಲ್ಲೇ ಇದೆ. ತುಳುನಾಡಿನಲ್ಲಿ ಸ್ಯಾಕ್ಸೋಫೋನ್ ನುಡಿಸುವವರಿಗೆ ಕೊರತೆಯೇ ಇಲ್ಲ, ಅಲ್ವಾ? ಸಜೀಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ, ಅದನ್ನು ಕಲಿತು, ಕರ್ನಾಟಕ ಸಂಗೀತದ ಕಛೇರಿಗೆ ಏರಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲೂ ನುಡಿಸಿದರು. ಇವತ್ತು ದೇವಸ್ಥಾನದಲ್ಲಿ, ಮದುವೆಯಲ್ಲಿ, ಕೋಲದಲ್ಲಿ ಎಲ್ಲೆಲ್ಲೂ ಸ್ಯಾಕ್ಸೋಫೋನ್ ಕೇಳುತ್ತದೆ. ಮೈ ಹಿತ್ತಾಳೆಯದ್ದಾದರೂ ದನಿ ಹುಟ್ಟುವುದು ಬೆತ್ತದ ಪಟ್ಟಿಯಿಂದ, ಹಾಗಾಗಿ ಇಂಗ್ಲೆಂಡಿನ ಸ್ಪರ್ಧೆಯ ಬ್ಯಾಂಡಿಗೆ ಅದನ್ನು ಸೇರಿಸುವುದಿಲ್ಲ. ನಮಗೆ ಆ ಕಟ್ಟುಪಾಡು ಇಲ್ಲ.

ಇದರಲ್ಲಿ ದೊಡ್ಡ ಅನುಕೂಲ ಉಂಟು. ಟೆನರ್ ಹಾರ್ನ್ ಮತ್ತು ಆಲ್ಟೋ ಸ್ಯಾಕ್ಸೋಫೋನ್ ಎರಡೂ ಇ-ಫ್ಲಾಟ್ ವಾದ್ಯಗಳು, ಬರೆದ ಸಿ ನುಡಿಸಿದರೆ ಕೀಬೋರ್ಡಿನ ಇ-ಫ್ಲಾಟ್ ಕೇಳುತ್ತದೆ. ಬರೆದ ಸ್ವರಕ್ಕಿಂತ ಎರಡೂ ಒಂದೇ ಅಂತರ ಕೆಳಗೆ ಕೇಳುತ್ತವೆ. ಅಂದರೆ ಟೆನರ್ ಹಾರ್ನ್‌ಗೆ ನೋಟೇಶನ್ ಬರೆದ ಹಾಳೆಯನ್ನು ಆಲ್ಟೋ ನುಡಿಸುವವರ ಮುಂದೆ ಹಾಗೆಯೇ ಇಡಬಹುದು, ಒಂದು ಸ್ವರವನ್ನೂ ತಿದ್ದಬೇಕಾಗಿಲ್ಲ. ಬ್ಯಾರಿಟೋನ್ ಮತ್ತು ಯೂಫೋನಿಯಂ ಹಾಳೆ ಟೆನರ್ ಸ್ಯಾಕ್ಸೋಫೋನ್‌ಗೆ ಹೊಂದುತ್ತದೆ. ಕಾರ್ನೆಟ್ ಹಾಳೆ ಬಿ-ಫ್ಲಾಟ್ ಕ್ಲಾರಿನೆಟ್‌ಗೆ ಸರಿ. ಊರಿನ ಇಬ್ಬರು ಸ್ಯಾಕ್ಸೋಫೋನ್ ಕಲಾವಿದರನ್ನು ಕರೆದರೆ ಹಾರ್ನ್ ಸಿಗುವವರೆಗೆ ನಿಮ್ಮ ನಡುವಿನ ಜಾಗ ತುಂಬುತ್ತದೆ. ಅವರು ಸ ರಿ ಗ ಮ ದಲ್ಲಿ ಕಲಿತವರಾದರೆ ನೋಟೇಶನ್ ಓದಲು ಸ್ವಲ್ಪ ಸಮಯ ಹಿಡಿಯಬಹುದು. ಆದರೆ ಅವರ ಶ್ರುತಿ, ಉಸಿರಿನ ಹಿಡಿತ ನೋಡಿಯೇ ನಿಮ್ಮ ಮಕ್ಕಳು ಬಹಳ ಕಲಿಯುತ್ತಾರೆ.

ಈಗ ಕೋಣೆಯಲ್ಲಿ ಬಿದ್ದಿರುವ ವಾದ್ಯಗಳು. ಗುಜರಿಗೆ ಕೊಡುವ ಮಾತೇ ಬೇಡ. ಒಂದೊಂದನ್ನೂ ಹೊರಗೆ ತಂದು ಬೆಳಕಿನಲ್ಲಿ ನೋಡಿ. ಮೇಲಿನ ಹಸಿರು ಕಿಲುಬಿಗೆ ಹೆದರಬೇಡಿ, ಅದು ಹೋಗುತ್ತದೆ. ಹೆದರಬೇಕಾದದ್ದು ಗುಲಾಬಿ ಬಣ್ಣದ ಚುಕ್ಕೆಗಳಿಗೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಬೆರಕೆ. ಒಳಗೆ ನಿಂತ ತೇವದಿಂದ ಸತು ಕರಗಿ ಹೋಗಿ ಬರೀ ತಾಮ್ರ ಉಳಿದಾಗ ಆ ಬಣ್ಣ ಬರುತ್ತದೆ. ನಮ್ಮ ಕರಾವಳಿಯ ಹವೆಗೆ ಇದು ಬೇಗ ಹಿಡಿಯುತ್ತದೆ. ಮೌತ್‌ಪೀಸ್ ಸೇರುವ ಮೊದಲ ಕೊಳವೆಯಲ್ಲಿ ಹಾಗೆ ಕಂಡರೆ ಆ ತುಂಡನ್ನು ಬದಲಿಸಲು ರಿಪೇರಿಯವರನ್ನು ಕೇಳಿ.

ವಾಲ್ವ್ (ಬೆರಳಿನಿಂದ ಒತ್ತುವ ಗುಂಡಿ) ಬಿಗಿ ಇದೆಯಾ ಎಂದು ತಿಳಿಯಲು ಸುಲಭದ ಪರೀಕ್ಷೆ ಉಂಟು. ಮೊದಲನೇ ವಾಲ್ವ್ ಒತ್ತದೆ ಅದರ ಸ್ಲೈಡನ್ನು (ಎಳೆದರೆ ಜಾರಿ ಬರುವ ಕೊಳವೆ) ಸ್ವಲ್ಪ ಹೊರಗೆ ಎಳೆಯಿರಿ. ಆಮೇಲೆ ವಾಲ್ವ್ ಒತ್ತಿ. ಟಪ್ ಎಂದು ಸದ್ದು ಬಂದರೆ ಗಾಳಿ ಸೋರುತ್ತಿಲ್ಲ. ಉಳಿದ ಎರಡಕ್ಕೂ ಹಾಗೆಯೇ ಮಾಡಿ. ಸ್ಲೈಡ್ ಅಥವಾ ಮೌತ್‌ಪೀಸ್ ಸಿಕ್ಕಿಹಾಕಿಕೊಂಡಿದ್ದರೆ ಇಕ್ಕಳ, ಸುತ್ತಿಗೆ ಮುಟ್ಟಬೇಡಿ. ಮೌತ್‌ಪೀಸ್ ತೆಗೆಯಲು ಬೇರೆಯೇ ಸಾಧನ ಸಿಗುತ್ತದೆ. ಬಲ ಹಾಕಿ ತಿರುಚಿದರೆ ಕೊಳವೆಯೇ ಮುರಿಯುತ್ತದೆ.

ಶ್ರುತಿ ನೋಡದೆ ಹಳೆ ವಾದ್ಯಕ್ಕೆ ರಿಪೇರಿ ದುಡ್ಡು ಹಾಕಬೇಡಿ. ಇದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ. 1960ರ ದಶಕದ ಮಧ್ಯದವರೆಗೂ ಇಂಗ್ಲೆಂಡಿನ ಬ್ಯಾಂಡ್ ವಾದ್ಯಗಳನ್ನು ಎತ್ತರದ ಶ್ರುತಿಗೆ ಮಾಡುತ್ತಿದ್ದರು. ಈಗ ಎ ಸ್ವರಕ್ಕೆ 440 ಹರ್ಟ್ಸ್ ಇದ್ದರೆ ಆಗ ಸುಮಾರು 452. ಹತ್ತಿರ ಹತ್ತಿರ ಕಾಲು ಸ್ವರದ ವ್ಯತ್ಯಾಸ. ಅಂಥ ವಾದ್ಯ ಒಂಟಿಯಾಗಿ ಚೆನ್ನಾಗಿಯೇ ಕೇಳುತ್ತದೆ. ಇಗರ್ಜಿಯ ಕೀಬೋರ್ಡ್ ಜೊತೆ ಕೂತ ಕೂಡಲೇ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ಮೊಬೈಲಿನಲ್ಲಿ ಟ್ಯೂನರ್ ಆ್ಯಪ್ ಹಾಕಿ, ಐದು ನಿಮಿಷ ನುಡಿಸಿ ವಾದ್ಯ ಬಿಸಿಯಾದ ಮೇಲೆ ನೋಡಿ. ಶ್ರುತಿ ಹೊಂದಿಸುವ ಮುಖ್ಯ ಸ್ಲೈಡ್ ಪೂರ್ತಿ ಎಳೆದರೂ ಸ್ವರ ಮೇಲೆಯೇ ನಿಂತರೆ ಅದು ಹಳೆ ಶ್ರುತಿಯದ್ದು. ಒಳ್ಳೆಯ ರಿಪೇರಿಯವರು ಮುಖ್ಯ ಸ್ಲೈಡನ್ನೂ ವಾಲ್ವ್ ಸ್ಲೈಡ್‌ಗಳನ್ನೂ ಉದ್ದ ಮಾಡಿ ಕೊಡಬಲ್ಲರು. ದೊಡ್ಡ ಬೇಸ್‌ಗೆ ಆ ಖರ್ಚು ಸಾರ್ಥಕ, ಯಾಕೆಂದರೆ ಹೊಸ ಬೇಸ್‌ನ ಬೆಲೆಯೇ ಜಾಸ್ತಿ. ಒಂದು ಕಾರ್ನೆಟ್‌ಗೆ ಅಷ್ಟು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ತೊಳೆಯುವಾಗ ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಮೆದುವಾದ ಬ್ರಷ್ ಸಾಕು. ಕುದಿಯುವ ನೀರು ಹಾಕಿದರೆ ಲ್ಯಾಕರ್ (ಮೇಲಿನ ಹೊಳಪಿನ ಲೇಪ) ಏಳುತ್ತದೆ. ದೇವರ ದೀಪ ಬೆಳಗಿದ ಹಾಗೆ ಹುಣಸೆಹುಳಿ ಹಾಕಿ ತಿಕ್ಕಲೂ ಬೇಡಿ. ಲ್ಯಾಕರ್ ಅಥವಾ ಬೆಳ್ಳಿ ಲೇಪ ಇರುವ ವಾದ್ಯ ಅದರಿಂದ ಹಾಳಾಗುತ್ತದೆ. ವಾಲ್ವ್‌ಗೆ ವಾಲ್ವ್ ಆಯಿಲ್ ಮಾತ್ರ. ತೆಂಗಿನೆಣ್ಣೆ ಹಾಕಿದರೆ ಕೆಲವೇ ದಿನಗಳಲ್ಲಿ ಅಂಟು ಕಟ್ಟುತ್ತದೆ. ತೆಗೆದ ವಾಲ್ವ್‌ಗಳ ಮೇಲೆ ಒಂದು, ಎರಡು, ಮೂರು ಎಂದು ಅಂಕಿ ಇರುತ್ತದೆ, ಅದೇ ಜಾಗಕ್ಕೆ ಹಾಕಿ. ನುಡಿಸಿದ ಮೇಲೆ ನೀರು ಪೂರ್ತಿ ಹೊರಗೆ ಬಿಡಿ, ಬೆವರು ಒರೆಸಿ. ಮಳೆಗಾಲದಲ್ಲಿ ಪೆಟ್ಟಿಗೆಯ ಒಳಬಟ್ಟೆಗೆ ಬೂಸ್ಟು ಬರುತ್ತದೆ. ಬಿಸಿಲು ಕಂಡ ದಿನ ಪೆಟ್ಟಿಗೆ ತೆರೆದಿಡಿ. ಒಬ್ಬರ ಮೌತ್‌ಪೀಸ್ ಇನ್ನೊಬ್ಬರು ಬಳಸುವುದಾದರೆ ಸೋಪಿನಲ್ಲಿ ತೊಳೆಯಲೇಬೇಕು.

ಕಲಿಸುವ ಕ್ರಮಕ್ಕೆ ಬಂದರೆ, ಬ್ಯಾಂಡಿನ ಒಂದು ಜಾಣತನ ನಿಮಗೆ ಸಹಾಯ ಮಾಡುತ್ತದೆ. ಕಾರ್ನೆಟ್‌ನಿಂದ ದೊಡ್ಡ ಬೇಸ್‌ವರೆಗೆ ಎಲ್ಲರ ಹಾಳೆಯೂ ಟ್ರೆಬಲ್ ಕ್ಲೆಫ್‌ನಲ್ಲೇ, ಅಂದರೆ ಎತ್ತರದ ಸ್ವರಗಳಿಗೆ ಬಳಸುವ ಬರವಣಿಗೆಯಲ್ಲೇ, ಇರುತ್ತದೆ. ಬೇಸ್ ಟ್ರಂಬೋನ್ ಒಂದು ಮಾತ್ರ ಬೇರೆ. ವಾಲ್ವ್ ಇರುವ ಎಲ್ಲ ವಾದ್ಯಗಳಲ್ಲೂ ಬೆರಳು ಒತ್ತುವ ಕ್ರಮವೂ ಒಂದೇ. ಎರಡನೇ ವಾಲ್ವ್ ಅರ್ಧ ಸ್ವರ ಇಳಿಸುತ್ತದೆ, ಒಂದನೆಯದು ಒಂದು ಸ್ವರ, ಮೂರನೆಯದು ಒಂದೂವರೆ. ಹಾಗಾಗಿ ಕಾರ್ನೆಟ್ ಕಲಿತ ಹುಡುಗಿ ನಾಳೆ ಹಾರ್ನ್ ಎತ್ತಿಕೊಂಡರೆ ತುಟಿ ಹೊಂದಿಸಿದರೆ ಆಯಿತು, ಓದುವುದನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಯಾರೋ ಕೆಲಸಕ್ಕೆಂದು ಗಲ್ಫಿಗೆ ಹೋದರೆ ಆ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಬಹುದು. ನಮ್ಮ ಊರಿನ ಬ್ಯಾಂಡಿಗೆ ಇದು ಎಷ್ಟು ಮುಖ್ಯ ಎಂದು ನಿಮಗೇ ಗೊತ್ತು.

ಮೊದಲ ವಾರಗಳಲ್ಲಿ ವಾಲ್ವ್ ಮುಟ್ಟದೆ ನುಡಿಸಲಿ. ಬರೀ ತುಟಿಯಿಂದಲೇ ಸ, ಪ, ಮೇಲಿನ ಸ, ಗ, ಪ ಬರುತ್ತವೆ. ಉದ್ದ ಉಸಿರು ಹಾಕಿ, ಮೆಲ್ಲಗೆ ಶುರು ಮಾಡಿ, ಒಂದೇ ಸಮನೆ ಹಿಡಿಯಬೇಕು. ಎಷ್ಟು ಹೊತ್ತು ನುಡಿಸಿದರೋ ಅಷ್ಟೇ ಹೊತ್ತು ತುಟಿಗೆ ವಿಶ್ರಾಂತಿ ಕೊಡಿ. ಎತ್ತರದ ಸ್ವರ ಬರಲೆಂದು ಮೌತ್‌ಪೀಸನ್ನು ತುಟಿಗೆ ಒತ್ತುವ ಚಾಳಿ ಶುರುವಾದರೆ ಅಲ್ಲೇ ನಿಲ್ಲಿಸಿ.

ಆಮೇಲೆ ನೇರವಾಗಿ ನಿಮ್ಮ ಗಾಯನ ಮಂಡಳಿಯ ಪುಸ್ತಕ ತೆಗೆಯಿರಿ. ನಾಲ್ಕು ಭಾಗದಲ್ಲಿ, ಅಂದರೆ ಎತ್ತರದಿಂದ ಕೆಳಗೆ ನಾಲ್ಕು ದನಿಗಳಿಗೆ, ಬರೆದ ಕೊಂಕಣಿ ಗೀತೆಗಳು ಅದರಲ್ಲಿ ಇದ್ದೇ ಇರುತ್ತವೆ. ಸೊಪ್ರಾನೋ ಭಾಗ ಕಾರ್ನೆಟ್‌ಗೆ, ಆಲ್ಟೋ ಭಾಗ ಟೆನರ್ ಹಾರ್ನ್‌ಗೆ, ಟೆನರ್ ಭಾಗ ಬ್ಯಾರಿಟೋನ್ ಮತ್ತು ಟ್ರಂಬೋನ್‌ಗೆ, ಬೇಸ್ ಭಾಗ ಯೂಫೋನಿಯಂ ಮತ್ತು ದೊಡ್ಡ ಬೇಸ್‌ಗೆ. ಕೀಬೋರ್ಡಿನ ಬಿ-ಫ್ಲಾಟ್ ಶ್ರುತಿಯಲ್ಲಿ ಇಟ್ಟರೆ ಕಾರ್ನೆಟ್‌ನಂಥ ಬಿ-ಫ್ಲಾಟ್ ವಾದ್ಯದವರಿಗೆ ಸಿ ಮೇಜರ್, ಟೆನರ್ ಹಾರ್ನ್‌ನಂಥ ಇ-ಫ್ಲಾಟ್‌ನವರಿಗೆ ಜಿ ಮೇಜರ್ ಆಗುತ್ತದೆ. ಹೊಸಬರಿಗೆ ಇದಕ್ಕಿಂತ ಸುಲಭ ಇಲ್ಲ. ಒಂದು ಗೀತೆಯನ್ನು ಮೊದಲು ಎಲ್ಲರೂ ಬಾಯಲ್ಲಿ ಹಾಡಲಿ. ಆಮೇಲೆ ಕೆಳಗಿನ ಎರಡು ಭಾಗ ಮಾತ್ರ ನುಡಿಸಿ. ಅದು ಶ್ರುತಿಯಲ್ಲಿ ಗಟ್ಟಿಯಾಗಿ ನಿಂತ ಮೇಲೆ ಕಾರ್ನೆಟ್ ಸೇರಲಿ. ಕಾರ್ನೆಟ್‌ನವರಿಗೆ ಕಾಯುವುದು ಕಷ್ಟ, ಆದರೆ ಕಾಯಿಸಿ.

ಜನವರಿಗೆ ಮೆರವಣಿಗೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ನಡೆಯುತ್ತಾ ನುಡಿಸುವುದು ಬೇರೆಯೇ ಕಲಿಕೆ. ಹೆಜ್ಜೆ ಹಾಕುವಾಗ ಮೌತ್‌ಪೀಸ್ ಕುಲುಕುತ್ತದೆ, ಹೊಸ ತುಟಿಗೆ ಪೆಟ್ಟಾಗುತ್ತದೆ. ಈ ಸಲ ಮೆರವಣಿಗೆಗೆ ಹೊರಗಿನ ಬ್ಯಾಂಡನ್ನೇ ಕರೆಯಿರಿ. ನಿಮ್ಮ ಮಕ್ಕಳು ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಕೂತು ಎರಡೋ ಮೂರೋ ನಿಧಾನದ ಗೀತೆ ನುಡಿಸಲಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮೇರಿ ಮಾತೆಯ ಹುಟ್ಟುಹಬ್ಬ), ಹೂ ಹಾಕುವ ಮಕ್ಕಳ ಜೊತೆ, ಮೊದಲ ಸಲ ನಡೆಯಲಿ. ಅದು ಚಿಕ್ಕ ದೂರ, ಹೆಜ್ಜೆಯೂ ನಿಧಾನ. ಮಳೆ ಬಂದರೆ ವಾದ್ಯ ಮುಚ್ಚಲು ಏನಾದರೂ ಇಟ್ಟುಕೊಳ್ಳಿ.

ಇನ್ನು ಸ್ಪರ್ಧೆಯ ಪ್ರಶ್ನೆ. ನನಗೆ ಬಹಳ ಇಷ್ಟದ ವಿಷಯ ಇದು. ಇಂಗ್ಲೆಂಡಿನಲ್ಲಿ ಈ ಬ್ಯಾಂಡ್‌ಗಳನ್ನು ಬೆಳೆಸಿದವರು ಗಿರಣಿ ಮತ್ತು ಕಲ್ಲಿದ್ದಲು ಗಣಿಯ ಕಾರ್ಮಿಕರು. ಯಾರ್ಕ್‌ಷೈರಿನ ಬ್ಲ್ಯಾಕ್ ಡೈಕ್ ಬ್ಯಾಂಡ್ ಉಣ್ಣೆ ಗಿರಣಿಯೊಂದರ ಬ್ಯಾಂಡ್. ಮ್ಯಾಂಚೆಸ್ಟರಿನ ಬೆಲ್ ವ್ಯೂನಲ್ಲಿ 1853ರಲ್ಲಿ ದೊಡ್ಡ ಸ್ಪರ್ಧೆ ಶುರುವಾಯಿತು, 1900ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ರಾಷ್ಟ್ರೀಯ ಸ್ಪರ್ಧೆ. ಮೊದಮೊದಲು ಒಪೆರಾದ ಭಾಗಗಳನ್ನು ಜೋಡಿಸಿ ನುಡಿಸುತ್ತಿದ್ದರು. 1913ರ ರಾಷ್ಟ್ರೀಯ ಸ್ಪರ್ಧೆಗೆ ಪರ್ಸಿ ಫ್ಲೆಚರ್ ಬ್ಯಾಂಡಿಗೆಂದೇ ಹೊಸ ಕೃತಿ ಬರೆದುಕೊಟ್ಟರು. ಆಮೇಲೆ ದೊಡ್ಡ ಸಂಯೋಜಕರೂ ಬಂದರು. 1928ಕ್ಕೆ ಹೋಲ್ಸ್ಟ್, 1930ಕ್ಕೆ ಎಲ್ಗರ್, 1932ಕ್ಕೆ ಜಾನ್ ಐರ್ಲೆಂಡ್ ಬರೆದರು. ದಿನವಿಡೀ ಗಿರಣಿಯಲ್ಲಿ ದುಡಿದು ಬಂದವರು ದೇಶದ ಅತ್ಯುತ್ತಮ ಸಂಯೋಜಕರ ಕೃತಿಗಳನ್ನು ಕಲಿತು ನುಡಿಸಿದರು. ಗ್ರೈಮ್‌ಥೋರ್ಪ್ ಗಣಿಯ ಬ್ಯಾಂಡ್ 1992ರಲ್ಲಿ ರಾಷ್ಟ್ರೀಯ ಸ್ಪರ್ಧೆ ಗೆದ್ದಿತು. ಮರುವರ್ಷ ಗಣಿಯೇ ಮುಚ್ಚಿತು. ಬ್ಯಾಂಡ್ ಮುಚ್ಚಲಿಲ್ಲ, ಇವತ್ತಿಗೂ ನುಡಿಸುತ್ತಿದೆ.

ಆ ಕೃತಿಗಳು ಈಗ ನಿಮಗೆ ಭಾರ. ಯೂಟ್ಯೂಬಿನಲ್ಲಿ ಹೋಲ್ಸ್ಟ್ ಅವರ ಮೂರ್‌ಸೈಡ್ ಸ್ವೀಟ್ ಹಾಕಿ, ಅದರ ನಡುವಿನ ನಿಧಾನದ ಭಾಗವನ್ನು ಎಲ್ಲರೂ ಒಟ್ಟಿಗೆ ಕೂತು ಕೇಳಿ. ನಡುವಿನ ವಾದ್ಯಗಳು ಎಂದರೆ ನಾನು ಏನು ಹೇಳುತ್ತಿದ್ದೇನೆ ಎಂದು ಆಗ ಗೊತ್ತಾಗುತ್ತದೆ.

ಆದರೆ ಅವರ ಸ್ಪರ್ಧೆಯ ಕ್ರಮವನ್ನು ನಾವು ಈಗಲೇ ತೆಗೆದುಕೊಳ್ಳಬಹುದು. ಒಂದೇ ಮಟ್ಟದ ಬ್ಯಾಂಡ್‌ಗಳಿಗೆಲ್ಲ ಒಂದೇ ಕೃತಿ. ಯಾರು ಯಾವಾಗ ನುಡಿಸುವುದು ಎಂದು ಚೀಟಿ ಎತ್ತುತ್ತಾರೆ. ತೀರ್ಪುಗಾರರು ಪರದೆಯ ಹಿಂದೆ ಕೂರುತ್ತಾರೆ, ನುಡಿಸುವವರು ಯಾರೆಂದು ಅವರಿಗೆ ಕಾಣುವುದಿಲ್ಲ. ನುಡಿಸಿದ್ದರ ಬಗ್ಗೆ ಬರೆದು ಕೊಡುತ್ತಾರೆ. ಹಬ್ಬಗಳ ಕಾಲ ಮುಗಿದ ಮೇಲೆ, ಫೆಬ್ರವರಿಯ ಕೊನೆಗೆ, ಉಡುಪಿ ಮಂಗಳೂರು ಕಡೆಯ ನಾಲ್ಕೈದು ಬ್ಯಾಂಡ್‌ಗಳು ಹೀಗೆ ಸೇರಿದರೆ ಹೇಗೆ? ಎಲ್ಲರಿಗೂ ಒಂದೇ ಗೀತೆ, ನಾಲ್ಕು ಭಾಗ, ಧ್ವನಿವರ್ಧಕ ಇಲ್ಲ, ಡ್ರಮ್ ಇಲ್ಲ. ಸಮವಸ್ತ್ರಕ್ಕೆ, ಹೊಳಪಿಗೆ ಅಂಕ ಇಲ್ಲ. ಗೆದ್ದವರಿಗೆ ಕಪ್ ಕೊಡುವ ಬದಲು ಒಂದು ಒಳ್ಳೆಯ ಟೆನರ್ ಹಾರ್ನ್ ಕೊಡಿ. ಈ ಗುಂಪಿನಲ್ಲಿ ಬ್ಯಾಂಡ್ ಮಾಸ್ಟರ್‌ಗಳು ಸುಮಾರು ಮಂದಿ ಇದ್ದೀರಿ, ದಯವಿಟ್ಟು ಏನನ್ನಿಸುತ್ತದೆ ಹೇಳಿ. ಗೀತೆಯನ್ನು ಎಲ್ಲ ವಾದ್ಯಗಳಿಗೂ ಬರೆದು ಕೊಡುವ ಕೆಲಸ ನಾನು ಮಾಡುತ್ತೇನೆ.

ಶಿರ್ವದವರು ಈ ಭಾನುವಾರ ಕೋಣೆ ತೆರೆದು, ಇರುವ ಪ್ರತಿ ವಾದ್ಯದ ಫೋಟೋ ತೆಗೆಯಿರಿ. ವಾದ್ಯದ ಅಗಲವಾದ ಬಾಯಿಯ ಮೇಲೆ ಕೆತ್ತಿದ ಹೆಸರು, ವಾಲ್ವ್ ಮೇಲಿನ ನಂಬರ್, ಎಷ್ಟು ವಾಲ್ವ್, ಟ್ಯೂನರ್‌ನಲ್ಲಿ ಎಷ್ಟು ತೋರಿಸಿತು, ಇಷ್ಟನ್ನು ಇಲ್ಲೇ ಹಾಕಿ. ಯಾವುದನ್ನು ರಿಪೇರಿಗೆ ಕೊಡುವುದು, ಯಾರಿಗೆ ಯಾವ ವಾದ್ಯ, ಎಂತ ಹೊಸದಾಗಿ ತರಿಸುವುದು ಎಂದು ನೋಡಿ ಬರೆಯುತ್ತೇನೆ. ಅಲ್ಲಿಯವರೆಗೆ ಟ್ರಂಪೆಟ್‌ಗೆ ಅಡ್ವಾನ್ಸ್ ಕೊಡಬೇಡಿ ಎಂದು ಕಮಿಟಿಯವರಿಗೆ ಹೇಳಿ.