ಮುಂಗಡ ಕಟ್ಟಿ ಕಾಯುತ್ತಿರುವವರ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೊತ್ತಿವೆ: ದುಬಾರಿ ಎಲೆಕ್ಟ್ರಿಕ್ ಎಸ್‌ಯುವಿಗೆ ಮುಂಗಡ ಕಟ್ಟಿ ತಿಂಗಳುಗಳು ಉರುಳಿದರೂ ಕಾರು ಮನೆಗೆ ಬಂದಿಲ್ಲ. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಯುರೋಪಿನಲ್ಲಿ ಪೂರ್ಣವಾಗಿ ತಯಾರಾಗಿ ಬರುವ, ಒಂದು ಕೋಟಿಗೂ ಮೀರಿದ ಎಲೆಕ್ಟ್ರಿಕ್ ಎಸ್‌ಯುವಿಯೊಂದನ್ನು ಬುಕ್ ಮಾಡಿದ್ದೇನೆ. ಮೊದಲು ನಾಲ್ಕು ತಿಂಗಳು ಎಂದರು, ಈಗ ಕೇಳಿದಾಗಲೆಲ್ಲ "ಇನ್ನೂ ಅಲಾಟ್‌ಮೆಂಟ್ ಬಂದಿಲ್ಲ ಸಾರ್" ಎನ್ನುತ್ತಾರೆ. ಪೂರ್ತಿ ಹಣ ಕೊಡಲು ಸಿದ್ಧನಿರುವವನಿಗೆ ಕಾರು ಕೊಡಲು ಏನು ಅಡ್ಡಿ?
(ಓದುಗರು, ಜಯನಗರ, ಬೆಂಗಳೂರು)

ಉತ್ತರ: ನಿಮ್ಮ ಡೀಲರ್ ಕಾರನ್ನು ಬಚ್ಚಿಟ್ಟುಕೊಂಡಿಲ್ಲ, ಅವರ ಬಳಿ ಅದು ಇಲ್ಲವೇ ಇಲ್ಲ. ಈ ದರ್ಜೆಯ ಕಾರುಗಳಲ್ಲಿ ಯಾವ ದೇಶಕ್ಕೆ ಎಷ್ಟು ಎಂಬುದನ್ನು ಮೂಲ ಕಂಪನಿ ನಿರ್ಧರಿಸುತ್ತದೆ, ಆ ಪಾಲನ್ನು ಅದರ ಭಾರತೀಯ ಶಾಖೆ ಡೀಲರುಗಳಿಗೆ ಹಂಚುತ್ತದೆ. ಭಾರತದ ಪಾಲು ಚಿಕ್ಕದು. ಸಾಲದ್ದಕ್ಕೆ ನಮಗೆ ಬೇಕಾದದ್ದು ಬಲಗಡೆ ಸ್ಟಿಯರಿಂಗ್ ಇರುವ ಕಾರು. ಬ್ರಿಟನ್, ಆಸ್ಟ್ರೇಲಿಯಾ, ಜಪಾನುಗಳಿಗೂ ಅದೇ ಬೇಕು. ಹೊಸ ಮಾದರಿ ಬಂದಾಗ ಕಾರ್ಖಾನೆ ಸಾಮಾನ್ಯವಾಗಿ ಎಡಗಡೆ ಸ್ಟಿಯರಿಂಗ್‌ನ ದೊಡ್ಡ ಮಾರುಕಟ್ಟೆಗಳನ್ನು ಮೊದಲು ತೃಪ್ತಿಪಡಿಸಿ, ಆಮೇಲೆ ನಮ್ಮ ಕಡೆ ತಿರುಗುತ್ತದೆ. 2018ರಿಂದ ಜಾರಿಯಲ್ಲಿರುವ ನಿಯಮದಂತೆ, ಅಂತರರಾಷ್ಟ್ರೀಯ ಮಾನದಂಡದ ಪ್ರಮಾಣಪತ್ರವಿರುವ ಕಾರುಗಳನ್ನು ಒಂದು ಕಂಪನಿ ಇಲ್ಲಿ ಮತ್ತೆ ಪರೀಕ್ಷೆಗೆ ಒಳಪಡಿಸದೆ ವರ್ಷಕ್ಕೆ 2,500ರವರೆಗೆ ತರಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚು ಬೇಕೆಂದರೆ ಭಾರತದ ಪರೀಕ್ಷೆಗಳ ಹಾದಿಯನ್ನೇ ಹಿಡಿಯಬೇಕು.

ಬಿಡಿಭಾಗಗಳನ್ನು ತರಿಸಿ ಇಲ್ಲೇ ಜೋಡಿಸುವ ಕಾರುಗಳಿಗೆ ಕಾಯುವ ಅವಧಿ ಸಾಮಾನ್ಯವಾಗಿ ಕಡಿಮೆ. ಮರ್ಸಿಡಿಸ್‌ನ ಇಕ್ಯೂಎಸ್ ಎಸ್‌ಯುವಿ ಪುಣೆಯ ಚಾಕಣ್‌ನಲ್ಲಿ, ಬಿಎಂಡಬ್ಲ್ಯುವಿನ ಉದ್ದ ಮಾದರಿಯ ಐಎಕ್ಸ್1 ಚೆನ್ನೈಯಲ್ಲಿ, ವೋಲ್ವೋದ ಎಲೆಕ್ಟ್ರಿಕ್ ಕಾರುಗಳು ನಮ್ಮ ಹೊಸಕೋಟೆಯಲ್ಲೇ ಜೋಡಣೆಯಾಗುತ್ತವೆ. ಆದರೆ ಹೊಸಕೋಟೆಯಲ್ಲಿ ಜೋಡಿಸಿದ ಮಾತ್ರಕ್ಕೆ ಬ್ಯಾಟರಿ ಕೋಶವೂ ಮೋಟಾರೂ ಹೊಸಕೋಟೆಯಲ್ಲಿ ಹುಟ್ಟುವುದಿಲ್ಲ. 2022ರ ಜುಲೈನಲ್ಲಿ ವೋಲ್ವೋ ತನ್ನ ಎಕ್ಸ್‌ಸಿ40 ರೀಚಾರ್ಜ್ ಅನ್ನು 55.90 ಲಕ್ಷ ರೂಪಾಯಿಗೆ ಬಿಡುಗಡೆ ಮಾಡಿದಾಗ ಮೊದಲ 150 ಕಾರುಗಳು ಬುಕ್ಕಿಂಗ್ ತೆರೆದ ಎರಡೇ ಗಂಟೆಯಲ್ಲಿ ಮುಗಿದಿದ್ದವು. ಅದು ಬೇಡಿಕೆ ಎಷ್ಟಿತ್ತು ಎಂಬುದನ್ನು ಎಷ್ಟು ಹೇಳುತ್ತದೆಯೋ, ಪೂರೈಕೆ ಎಷ್ಟು ಕಡಿಮೆ ಇತ್ತು ಎಂಬುದನ್ನೂ ಅಷ್ಟೇ ಹೇಳುತ್ತದೆ. ಜಾಹೀರಾತುಗಳು ಮೊದಲನೆಯದನ್ನು ಮಾತ್ರ ಹೇಳುತ್ತವೆ.

ಈಚಿನ ವರ್ಷಗಳಲ್ಲಿ ಪೂರೈಕೆಯನ್ನು ಹಿಂಡಿದ ಕಾರಣಗಳು ಹಲವು. 2025ರ ಏಪ್ರಿಲ್ 4ರಂದು ಚೀನಾ ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿ ಏಳು ವಿರಳ ಲೋಹಗಳ ಮತ್ತು ಅವುಗಳನ್ನು ಬಳಸಿದ ಆಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಮೋಟಾರು ಬಿಸಿಯಾದಾಗ ಆಯಸ್ಕಾಂತ ತನ್ನ ಬಲ ಕಳೆದುಕೊಳ್ಳದಿರಲು ಈ ಲೋಹಗಳು ಬೇಕು. ಎಲ್ಲ ಕಾರುಗಳಿಗೂ ಇದರ ಪೆಟ್ಟು ಒಂದೇ ಸಮನಾಗಿ ಬಿದ್ದಿಲ್ಲ ಎಂಬುದನ್ನು ಗಮನಿಸಬೇಕು: ಬಿಎಂಡಬ್ಲ್ಯುವಿನ ಐಎಕ್ಸ್‌ನಂಥ ಕಾರುಗಳ ಮೋಟಾರುಗಳು ಶಾಶ್ವತ ಆಯಸ್ಕಾಂತವಿಲ್ಲದೆ, ತಾಮ್ರದ ಸುರುಳಿಗೆ ವಿದ್ಯುತ್ ಹರಿಸಿ ಕಾಂತಬಲ ಪಡೆಯುತ್ತವೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ನೆದರ್ಲೆಂಡ್ಸ್ ಸರ್ಕಾರ ಮತ್ತು ಚೀನಾ ನಡುವೆ ನೆಕ್ಸ್‌ಪೀರಿಯಾ ಎಂಬ ಚಿಪ್ ಕಂಪನಿಯ ಹಿಡಿತದ ಬಗ್ಗೆ ಜಗಳವೆದ್ದು, ತೀರಾ ಅಗ್ಗದ, ಆದರೆ ಪ್ರತಿ ಕಾರಿನಲ್ಲೂ ನೂರಾರು ಸಂಖ್ಯೆಯಲ್ಲಿ ಬೇಕಾಗುವ ಚಿಕ್ಕ ಚಿಪ್‌ಗಳ ಸರಬರಾಜು ಸಿಕ್ಕಿಹಾಕಿಕೊಂಡಿತು. ಕೋಟಿ ಬೆಲೆಯ ಕಾರು ಪುಡಿಗಾಸಿನ ಭಾಗಕ್ಕಾಗಿ ನಿಲ್ಲುವುದು ಹೀಗೆ.

ಹಡಗಿನ ಸಮಸ್ಯೆಯಂತೂ ನೇರವಾಗಿ ನಮ್ಮದೇ. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದ ಮೇಲೆ ಬಹಳಷ್ಟು ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿಯನ್ನು ಸುತ್ತಿಕೊಂಡು ಬರತೊಡಗಿದವು. ಬಿಡಿಭಾಗ ತಲುಪದ ಕಾರಣ ಜರ್ಮನಿಯ ಗ್ರುನ್‌ಹೈಡ್‌ನಲ್ಲಿರುವ ಟೆಸ್ಲಾ ಕಾರ್ಖಾನೆ 2024ರ ಆರಂಭದಲ್ಲಿ ಎರಡು ವಾರ ಬಹುಪಾಲು ಕೆಲಸ ನಿಲ್ಲಿಸಿತ್ತು. ಯುರೋಪಿನಿಂದ ಭಾರತಕ್ಕೆ ಬರುವ ಕಾರಿನ ಸಹಜ ದಾರಿಯೇ ಕೆಂಪು ಸಮುದ್ರವಾದ್ದರಿಂದ ಆ ಸುತ್ತುಬಳಸಿನ ಬಿಸಿ ನಮಗೆ ಎರಡು ಬಾರಿ ತಟ್ಟುತ್ತದೆ, ಭಾಗ ಅಲ್ಲಿಗೆ ಹೋಗುವಾಗ ಒಮ್ಮೆ, ಕಾರು ಇಲ್ಲಿಗೆ ಬರುವಾಗ ಇನ್ನೊಮ್ಮೆ.

ಆದ್ದರಿಂದ "ಯಾವಾಗ ಬರುತ್ತದೆ" ಎಂದು ಡೀಲರನ್ನು ಕೇಳಿ ಪ್ರಯೋಜನವಿಲ್ಲ. ನನ್ನ ಆರ್ಡರ್ ಕಾರ್ಖಾನೆಯಲ್ಲಿ ದಾಖಲಾಗಿದೆಯೇ, ತಯಾರಿಕೆಯ ವಾರ ನಿಗದಿಯಾಗಿದೆಯೇ, ಚಾಸಿ ಸಂಖ್ಯೆ ಬಂದಿದೆಯೇ ಎಂದು ಕೇಳಿ, ಉತ್ತರವನ್ನು ಇ-ಮೇಲ್‌ನಲ್ಲಿ ಪಡೆಯಿರಿ. ಚಾಸಿ ಸಂಖ್ಯೆ ನಿಮ್ಮ ಹೆಸರಿಗೆ ಸೇರುವವರೆಗೆ ನೀವು ಸಾಲಿನಲ್ಲಿ ನಿಂತಿರುವವರೇ ಹೊರತು ಆ ಕಾರಿನ ಖರೀದಿದಾರರಲ್ಲ.

ಪ್ರಶ್ನೆ: ಬುಕ್ ಮಾಡಿದ ದಿನದ ಬೆಲೆಗೇ ಕಾರು ಸಿಗುತ್ತದೆಯೇ? ಈ ನಡುವೆ ತೆರಿಗೆ ಬದಲಾದರೆ ಹೊರೆ ಯಾರದು?
(ಓದುಗರು, ಹುಬ್ಬಳ್ಳಿ)

ಉತ್ತರ: ಹೊರೆ ನಿಮ್ಮದೇ. ಬುಕ್ಕಿಂಗ್ ಫಾರ್ಮಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ, ಡೆಲಿವರಿ ದಿನ ಚಾಲ್ತಿಯಲ್ಲಿರುವ ಬೆಲೆಯೇ ಅನ್ವಯಿಸುತ್ತದೆ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಯೂರೋ 2025ರಲ್ಲಿ 100 ರೂಪಾಯಿ ದಾಟಿದ ಬಳಿಕ ಆಮದು ಕಾರುಗಳ ವಿಷಯದಲ್ಲಿ ಈ ಸಾಲಿನ ತೂಕ ಹೆಚ್ಚಾಗಿದೆ.

ತೆರಿಗೆಯನ್ನು ಮೂರು ಭಾಗವಾಗಿ ನೋಡಬೇಕು. ಜಿಎಸ್‌ಟಿ ಎಲೆಕ್ಟ್ರಿಕ್ ಕಾರಿಗೆ ಶೇ. 5, 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದೊಡ್ಡ ಬದಲಾವಣೆಯಲ್ಲೂ ಅದು ಹಾಗೆಯೇ ಉಳಿಯಿತು, ದೊಡ್ಡ ಪೆಟ್ರೋಲ್ ಮತ್ತು ಡೀಸೆಲ್ ಎಸ್‌ಯುವಿಗಳಿಗೆ ಅದು ಶೇ. 40. ಸರಕಿನ ಮೇಲಿನ ಜಿಎಸ್‌ಟಿ ಮುಂಗಡ ಕಟ್ಟಿದ ದಿನಕ್ಕಲ್ಲ, ಬಿಲ್ ಆಗುವ ಹೊತ್ತಿಗೆ ಲೆಕ್ಕವಾಗುತ್ತದೆ. ಎರಡನೆಯದು ರಾಜ್ಯದ ಜೀವಾವಧಿ ತೆರಿಗೆ, ನಮ್ಮ ಓದುಗರು ಹೆಚ್ಚು ಎಡವುವುದು ಇಲ್ಲಿಯೇ. ಕರ್ನಾಟಕದಲ್ಲಿ 2024ರ ಮಾರ್ಚ್‌ವರೆಗೆ ಎಲೆಕ್ಟ್ರಿಕ್ ಕಾರುಗಳಿಗೆ ಪೂರ್ಣ ವಿನಾಯಿತಿ ಇತ್ತು. ಆಮೇಲೆ 25 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯವಕ್ಕೆ ಶೇ. 10ರ ತೆರಿಗೆ ಬಂತು. ಈ ತೆರಿಗೆ ನೋಂದಣಿಗೆ ಅಂಟಿಕೊಂಡದ್ದು, ಬುಕ್ಕಿಂಗ್‌ಗೆ ಅಲ್ಲ. 1.40 ಕೋಟಿ ಬೆಲೆಯ ಕಾರನ್ನು ವಿನಾಯಿತಿ ನಂಬಿ ಜನವರಿಯಲ್ಲಿ ಬುಕ್ ಮಾಡಿ, ಕಾರು ತಡವಾಗಿ ಬಂದು ಏಪ್ರಿಲ್‌ನಲ್ಲಿ ನೋಂದಾಯಿಸಿದವರಿಗೆ 14 ಲಕ್ಷ ರೂಪಾಯಿಯ ವ್ಯತ್ಯಾಸ. ಮೂರನೆಯದು, 10 ಲಕ್ಷ ಮೀರಿದ ಕಾರಿನ ಮೇಲೆ ಡೀಲರ್ ವಸೂಲು ಮಾಡುವ ಶೇ. 1ರ ಟಿಸಿಎಸ್, ಅಂದರೆ ಮಾರಾಟದ ಹೊತ್ತಿಗೇ ಸಂಗ್ರಹಿಸುವ ಆದಾಯ ತೆರಿಗೆ. ಇದು ಹೆಚ್ಚುವರಿ ಖರ್ಚಲ್ಲ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ನಿಮ್ಮ ಲೆಕ್ಕಕ್ಕೆ ಜಮೆ ಮಾಡಿಕೊಳ್ಳಬಹುದು.

ತೆರಿಗೆ ಕಡಿಮೆಯಿರುವ ಬೇರೆ ರಾಜ್ಯದ ವಿಳಾಸದಲ್ಲಿ ನೋಂದಾಯಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡ ವಾಹನಕ್ಕೆ ಇಲ್ಲಿನ ನೋಂದಣಿ ಕಡ್ಡಾಯ, ಮತ್ತು 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ತೆರಿಗೆ ಕಟ್ಟದ ಐಷಾರಾಮಿ ಕಾರುಗಳನ್ನು ಸಾಲಾಗಿ ವಶಪಡಿಸಿಕೊಂಡದ್ದನ್ನು ನೀವೂ ಓದಿರುತ್ತೀರಿ.

ಪ್ರಶ್ನೆ: ಬ್ರಿಟನ್ ಜೊತೆಗಿನ ವ್ಯಾಪಾರ ಒಪ್ಪಂದದಿಂದ ಅಲ್ಲಿನ ಎಲೆಕ್ಟ್ರಿಕ್ ಎಸ್‌ಯುವಿಗಳು ಅಗ್ಗವಾಗುತ್ತವೆ ಎಂದು ಮಗ ಹೇಳುತ್ತಾನೆ. ಅಲ್ಲಿಯವರೆಗೆ ಕಾಯಬಹುದೇ?
(ಓದುಗರು, ಉಡುಪಿ)

ಉತ್ತರ: ಬೇಡ. 2025ರ ಜುಲೈ 24ರಂದು ಸಹಿಯಾದ ಆ ಒಪ್ಪಂದದಲ್ಲಿ ಸುಂಕ ಇಳಿಕೆ ಮೊದಲು ಸಿಗುವುದು ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ, ಅದೂ ಗೊತ್ತುಪಡಿಸಿದ ಸಂಖ್ಯೆಯೊಳಗೆ. ಎಲೆಕ್ಟ್ರಿಕ್ ಕಾರುಗಳಿಗೆ ಮೊದಲ ಐದು ವರ್ಷ ಯಾವ ರಿಯಾಯಿತಿಯೂ ಇಲ್ಲ.

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿ ಎಂಜಿನಿಯರ್. ರೇಂಜ್ ರೋವರ್ ಎಲೆಕ್ಟ್ರಿಕ್ ಪಟ್ಟಿ 2023ರ ಡಿಸೆಂಬರ್‌ನಲ್ಲಿ ತೆರೆದಾಗಲೇ ಹೆಸರು ಬರೆಸಿದ್ದೆ. ನನ್ನ ಈಗಿನ ಕಾರನ್ನು ಮಾರಿ ಸಿದ್ಧನಾಗಿರಲೇ?
(ಓದುಗರು, ಕೊವೆಂಟ್ರಿ)

ಉತ್ತರ: ಮಾರಬೇಡಿ. 2025ರಲ್ಲಿ ಕಾರು ಕೈಸೇರುತ್ತದೆ ಎಂಬ ಆರಂಭದ ನಿರೀಕ್ಷೆ 2026ಕ್ಕೆ ಸರಿಯಿತು. ಇದರ ನಡುವೆ 2025ರ ಆಗಸ್ಟ್ ಕೊನೆಯಲ್ಲಿ ಈ ಕಾರಿನ ತಯಾರಕ ಜಾಗ್ವಾರ್ ಲ್ಯಾಂಡ್ ರೋವರ್ ಕಂಪನಿಯ ಕಂಪ್ಯೂಟರ್ ಜಾಲದ ಮೇಲೆ ದಾಳಿಯಾಗಿ, ಸೊಲಿಹಲ್ ಸೇರಿ ಅದರ ಕಾರ್ಖಾನೆಗಳು ಸೆಪ್ಟೆಂಬರ್ ತಿಂಗಳಿಡೀ ನಿಂತು, ಅಕ್ಟೋಬರ್ 8ರಿಂದ ಹಂತಹಂತವಾಗಿ ತೆರೆದವು. ಬಿಡಿಭಾಗ ಪೂರೈಸುವ ಚಿಕ್ಕ ಘಟಕಗಳು ಮುಳುಗದಿರಲೆಂದು ಬ್ರಿಟಿಷ್ ಸರ್ಕಾರ 150 ಕೋಟಿ ಪೌಂಡ್ ಸಾಲಕ್ಕೆ ಖಾತರಿ ನಿಲ್ಲಬೇಕಾಯಿತು. ಅಂಥ ನಿಲುಗಡೆಯ ಬಳಿಕ ಯಾವ ಕಂಪನಿಯೂ ಮೊದಲು ಓಡಿಸುವುದು ಈಗಾಗಲೇ ಲಾಭ ತರುತ್ತಿರುವ ಮಾದರಿಗಳನ್ನೇ ಎಂಬುದು ನಮ್ಮ ಊಹೆ.

ಕಾಯುವವರ ಪಟ್ಟಿಯಲ್ಲಿ ಹೆಸರಿರುವುದು ಖರೀದಿ ಒಪ್ಪಂದವಲ್ಲ. ಬೆಲೆಯಾಗಲಿ ದಿನಾಂಕವಾಗಲಿ ಅದರಿಂದ ಗಟ್ಟಿಯಾಗುವುದಿಲ್ಲ. ನಿಮ್ಮಲ್ಲೂ 2025ರ ಏಪ್ರಿಲ್‌ನಿಂದ ಎಲೆಕ್ಟ್ರಿಕ್ ಕಾರುಗಳಿಗೆ ವಾರ್ಷಿಕ ವಾಹನ ತೆರಿಗೆ ಬಂದಿದೆ, ಹೊಸ ದುಬಾರಿ ಕಾರುಗಳಿಗೆ ಅದರ ಮೇಲೊಂದು ಹೆಚ್ಚುವರಿ ತೆರಿಗೆಯೂ ಇದೆ. ಪಟ್ಟಿ ತೆರೆದ ದಿನ ಇವೆರಡೂ ಇರಲಿಲ್ಲ.

ಪ್ರಶ್ನೆ: ಇನ್ನೊಬ್ಬರ ಬುಕ್ಕಿಂಗ್ ಅನ್ನು ನನ್ನ ಹೆಸರಿಗೆ ಮಾಡಿಕೊಡುತ್ತೇವೆ, ಮೇಲೆ ಮೂರು ಲಕ್ಷ ನಗದು ಕೊಡಿ ಎಂದು ಶೋರೂಮಿನವರು ಹೇಳಿದರು. ಅದು ಬೇಡವಾದರೆ ಪ್ರದರ್ಶನದ ಕಾರು ತೆಗೆದುಕೊಳ್ಳಿ ಎಂದೂ ಹೇಳುತ್ತಾರೆ.
(ಓದುಗರು, ಮಂಗಳೂರು)

ಉತ್ತರ: ಮೊದಲನೆಯದಕ್ಕೆ ಖಂಡಿತ ಒಪ್ಪಬೇಡಿ. ಬಿಲ್ಲಿನಲ್ಲಿ ಕಾಣದ ಹಣಕ್ಕೆ ರಸೀದಿ ಇಲ್ಲ, ವಿಮೆ ಇಲ್ಲ, ನಾಳೆ ತಕರಾರು ಬಂದರೆ ಪುರಾವೆಯೂ ಇಲ್ಲ. ಎರಡನೆಯದು ಯೋಚಿಸಬಹುದಾದದ್ದು. ಟೆಸ್ಟ್ ಡ್ರೈವ್‌ಗೆ ಬಳಸಿದ ಕಾರು ಡೀಲರ್ ಹೆಸರಿನಲ್ಲಿ ಈಗಾಗಲೇ ನೋಂದಣಿಯಾಗಿದ್ದರೆ ನೀವು ಎರಡನೆಯ ಮಾಲೀಕರಾಗುತ್ತೀರಿ ಮತ್ತು ಬ್ಯಾಟರಿಯ ವಾರಂಟಿ, ಅಂದರೆ ಹಲವು ಕಂಪನಿಗಳು ಕೊಡುವ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಎಂದೋ ಶುರುವಾಗಿರುತ್ತದೆ. ಗಾಜಿನ ಹಿಂದೆ ನಿಲ್ಲಿಸಿದ್ದ ಕಾರಾದರೆ ತಯಾರಿಕೆಯ ತಿಂಗಳು ಮತ್ತು ವರ್ಷ ನೋಡಿ. ಅದು ಆರ್‌ಸಿಯಲ್ಲಿ ದಾಖಲಾಗುವುದರಿಂದ ಮಾರುವಾಗ ನಿಮ್ಮನ್ನು ಕಾಡುತ್ತದೆ. ಬ್ಯಾಟರಿಯ ಸದ್ಯದ ಸಾಮರ್ಥ್ಯದ ವರದಿಯನ್ನು ಸರ್ವಿಸ್ ವಿಭಾಗದಿಂದ ಲಿಖಿತವಾಗಿ ಕೇಳಿ. ಇವೆಲ್ಲಕ್ಕೂ ತಕ್ಕ ರಿಯಾಯಿತಿ ಸಿಕ್ಕರೆ, ಕಾಯುವುದಕ್ಕಿಂತ ಇದು ಮೇಲು.

ಪ್ರಶ್ನೆ: ಕಾದು ಸಾಕಾಗಿದೆ, ಮುಂಗಡ ವಾಪಸ್ ಬೇಕು. ಡೀಲರ್ ಈ ವಾರ ಮುಂದಿನ ವಾರ ಎಂದು ಸಾಗಹಾಕುತ್ತಿದ್ದಾರೆ.
(ಓದುಗರು, ಮೈಸೂರು)

ಉತ್ತರ: ಮೊದಲು ರದ್ದತಿಯನ್ನು ಡೀಲರ್ ಮತ್ತು ಕಂಪನಿಯ ಭಾರತೀಯ ಶಾಖೆ ಇಬ್ಬರಿಗೂ ಇ-ಮೇಲ್‌ನಲ್ಲಿ ತಿಳಿಸಿ, ರಸೀದಿಯ ಪ್ರತಿ ಲಗತ್ತಿಸಿ, ಹದಿನೈದು ದಿನದ ಗಡುವು ಕೊಡಿ. ಫೋನಿನಲ್ಲಿ ಆಡಿದ ಮಾತಿಗೆ ಬೆಲೆಯಿಲ್ಲ. ಮಣಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗ.

ಕೋಟಿ ರೂಪಾಯಿಯ ಕಾರು ಎಂದು ರಾಜ್ಯ ಆಯೋಗಕ್ಕೆ ಓಡಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಆಯೋಗದ ವ್ಯಾಪ್ತಿ ನಿರ್ಧಾರವಾಗುವುದು ನೀವು ವಾಸ್ತವವಾಗಿ ಪಾವತಿಸಿದ ಮೊತ್ತದಿಂದ; 50 ಲಕ್ಷ ರೂಪಾಯಿಯವರೆಗಿನದು ಜಿಲ್ಲಾ ಆಯೋಗಕ್ಕೆ ಸೇರುತ್ತದೆ. ನೀವು ಕಟ್ಟಿದ್ದು ಮುಂಗಡ ಮಾತ್ರವಾದ್ದರಿಂದ, ಶೋರೂಮ್ ಬೆಂಗಳೂರಿನಲ್ಲಿದ್ದರೂ, ನೀವು ವಾಸಿಸುವ ಮೈಸೂರಿನಲ್ಲೇ ದೂರು ಕೊಡಬಹುದು. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. 2016ರಲ್ಲಿ ಟೆಸ್ಲಾ ಮಾಡೆಲ್ 3ಕ್ಕೆ 1,000 ಡಾಲರ್ ಕಟ್ಟಿದ್ದ ಭಾರತೀಯರಿಗೆ ಆ ಹಣ ಮರಳಿಸುವ ಸಂದೇಶ ಬಂದದ್ದು 2025ರಲ್ಲಿ. ಅಷ್ಟು ತಾಳ್ಮೆ ನಿಮಗೆ ಬೇಕಿಲ್ಲ.

ಪ್ರಶ್ನೆ: ಹೊಸ ಮಾದರಿಯ ಮೊದಲ ಕಂತಿನಲ್ಲೇ ಕಾರು ಸಿಗುವಂತಿದೆ. ತೆಗೆದುಕೊಳ್ಳಬಹುದೇ?
(ಓದುಗರು, ದಾವಣಗೆರೆ)

ಉತ್ತರ: ಮನೆಯಲ್ಲಿ ಇನ್ನೊಂದು ಕಾರು ಇದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಎರಡನೆಯ ಕಂತಿಗೆ ಕಾಯಿರಿ. ಇಂದಿನ ದುಬಾರಿ ಎಲೆಕ್ಟ್ರಿಕ್ ಕಾರುಗಳು ತಡವಾಗುವುದು ಬಿಡಿಭಾಗದಿಂದ ಮಾತ್ರವಲ್ಲ, ಸಾಫ್ಟ್‌ವೇರ್‌ನಿಂದಲೂ. 2022ರ ನವೆಂಬರ್‌ನಲ್ಲಿ ಅನಾವರಣಗೊಂಡ ವೋಲ್ವೋ ಇಎಕ್ಸ್90ರ ತಯಾರಿಕೆ ಸಾಫ್ಟ್‌ವೇರ್ ಸಿದ್ಧವಾಗದೆ ಮುಂದೆ ಹೋಗಿ, ಅಮೆರಿಕದ ಸೌತ್ ಕ್ಯಾರೊಲೈನಾದಲ್ಲಿ ಆರಂಭವಾದದ್ದು 2024ರಲ್ಲಿ. ಆಗಲೂ ಕೆಲವು ಸೌಲಭ್ಯಗಳನ್ನು ಮುಂದಿನ ಅಪ್‌ಡೇಟ್‌ಗೆ ಬಿಡಲಾಗಿತ್ತು. ದಾವಣಗೆರೆಯವರು ಇನ್ನೊಂದನ್ನೂ ಲೆಕ್ಕಕ್ಕೆ ಹಿಡಿಯಬೇಕು: ಈ ಕಾರುಗಳ ಅಧಿಕೃತ ಸರ್ವಿಸ್ ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಇರುವುದರಿಂದ, ಸಣ್ಣ ದೋಷಕ್ಕೂ ಕಾರು ಲಾರಿಯ ಮೇಲೆ ಬೆಂಗಳೂರಿಗೆ ಹೋಗಬೇಕಾಗಬಹುದು.

ಪ್ರಶ್ನೆ: ಕಾಯುವ ಈ ತಿಂಗಳುಗಳಲ್ಲಿ ಮನೆಯಲ್ಲಿ ಮಾಡಿಕೊಳ್ಳಬೇಕಾದ ಸಿದ್ಧತೆ ಏನಾದರೂ ಇದೆಯೇ?
(ಓದುಗರು, ಬೆಳಗಾವಿ)

ಉತ್ತರ: ಇದೆ. 100 ಕಿಲೋವ್ಯಾಟ್-ಗಂಟೆಯ ಬ್ಯಾಟರಿಯನ್ನು ಮೂರು ಫೇಸ್‌ನ 11 ಕಿಲೋವ್ಯಾಟ್ ಚಾರ್ಜರಿನಲ್ಲಿ ತುಂಬಲು ಸುಮಾರು ಹತ್ತು ಗಂಟೆ ಬೇಕು, ಒಂದೇ ಫೇಸ್‌ನ 7.4 ಕಿಲೋವ್ಯಾಟ್‌ನಲ್ಲಿ ಸುಮಾರು ಹದಿನಾಲ್ಕು. ನಿಮ್ಮ ಮನೆಯ ಮಂಜೂರಾದ ಲೋಡ್ ಅಷ್ಟಿಲ್ಲದಿದ್ದರೆ ಹೆಸ್ಕಾಂಗೆ ಈಗಲೇ ಅರ್ಜಿ ಹಾಕಿ. ಅರ್ಥಿಂಗ್ ಹಳೆಯದಾಗಿದ್ದರೆ ಹೊಸದಾಗಿ ಮಾಡಿಸಿ. ಅದು ಸರಿಯಿಲ್ಲದ ಮನೆಯಲ್ಲಿ ಅನೇಕ ಕಾರುಗಳು ಚಾರ್ಜ್ ಆಗಲು ನಿರಾಕರಿಸುತ್ತವೆ. ಅಪಾರ್ಟ್‌ಮೆಂಟ್ ಆದರೆ ಸಂಘದ ಒಪ್ಪಿಗೆಯನ್ನು ಮುಂದಿನ ಸಭೆಯ ನಡಾವಳಿಯಲ್ಲಿ ಬರೆಸಿಕೊಳ್ಳಿ. ಉಚಿತವಾಗಿ ಕೊಡುತ್ತೇವೆಂದ ಚಾರ್ಜರಿನ ಜೊತೆ ಕೇಬಲ್ ಎಷ್ಟು ಮೀಟರ್‌ವರೆಗೆ ಉಚಿತ ಎಂಬುದನ್ನು ಡೀಲರಿಂದ ಬರೆಸಿಕೊಳ್ಳಿ, ಏಕೆಂದರೆ ಮೀಟರ್ ಬೋರ್ಡಿನಿಂದ ಕಾರು ನಿಲ್ಲಿಸುವ ಜಾಗ ದೂರವಿದ್ದರೆ ತಾಮ್ರದ ಕೇಬಲ್ಲಿನ ಖರ್ಚೇ ಗಣನೀಯವಾಗಿ ಏರುತ್ತದೆ.