ಹಳೇ ಪಿಕಪ್: ಸ್ಪೇರ್ ಕೊಳ್ಳುವ ಮುಂಚೆ ಮಾಡಬೇಕಾದ ಪರೀಕ್ಷೆಗಳು

ಈ ಸಲದ ಪ್ರಶ್ನೆಗಳೆಲ್ಲ ಮುಂಬೈ, ಪುಣೆ, ಗೋವಾದ ಕನ್ನಡಿಗರವು. ತರಕಾರಿ, ಹೂವು, ಮೀನು, ಹೋಟೆಲ್ ಸಾಮಾನು ಸಾಗಿಸಿ ಬದುಕುವವರು. ಗಾಡಿ ನಿಂತ ದಿನ ಸಂಪಾದನೆಯೂ ನಿಂತಂತೆ. ಪತ್ರಗಳನ್ನು ಓದುವಾಗ ಒಂದು ಸಂಗತಿ ಮತ್ತೆ ಮತ್ತೆ ಕಂಡಿತು. ನಮಗೆ ಬರೆಯುವ ಹೊತ್ತಿಗೆ ಎರಡು ಮೂರು ಭಾಗ ಬದಲಾಗಿವೆ, ತೊಂದರೆ ಮಾತ್ರ ಇದ್ದಲ್ಲೇ ಇದೆ. ಹಳೇ ಗಾಡಿಯ ಮಾಲೀಕರ ದುಡ್ಡು ಹೆಚ್ಚಾಗಿ ಸೋರಿಹೋಗುವುದೇ ಹೀಗೆ ಊಹೆಯ ಮೇಲೆ ಕೊಂಡ ಸ್ಪೇರ್‌ಗಳಲ್ಲಿ. ಅದಕ್ಕೇ ಇಲ್ಲಿ ಮೊದಲು ಪರೀಕ್ಷೆ, ರಿಪೇರಿಯ ಮಾತು ಆಮೇಲೆ.

ಪ್ರಶ್ನೆ: ನನ್ನದು ಮೈಕೋ ರೋಟರಿ ಡೀಸೆಲ್ ಪಂಪಿನ (ನಾಝಲ್‌ಗಳಿಗೆ ಡೀಸೆಲ್ ಒತ್ತಿ ಕಳಿಸುವ ಪಂಪು) ಹಳೇ ಬೊಲೆರೊ ಪಿಕಪ್. ವಾಶಿಯ ಎಪಿಎಂಸಿಗೆ ಬೆಳಗಿನ ಜಾವ ಮೂರಕ್ಕೆ ಹೊರಡಬೇಕು. ಆಗ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ. ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ತೊಂದರೆಯಿಲ್ಲ. ಬ್ಯಾಟರಿ ಹೊಸದು, ಸೆಲ್ಫ್ ಮೋಟಾರ್ ರಿಪೇರಿ ಆಗಿದೆ, ಜೋರಾಗೇ ಸುತ್ತುತ್ತದೆ. ಈಗ ಪಂಪ್ ಬಿಚ್ಚಿಸಬೇಕು ಅನ್ನುತ್ತಾರೆ. ಬಿಚ್ಚಿಸಲೇ?

ಈಗಲೇ ಬೇಡ. ಪಂಪಿನ ಒಳಭಾಗ ಸವೆದಿದ್ದರೆ ಎಂಜಿನ್ ಬಿಸಿಯಾದಾಗಲೇ ಹೆಚ್ಚು ಕಾಟ ಕೊಡುತ್ತದೆ. ಬಿಸಿ ಡೀಸೆಲ್ ತೆಳುವಾಗಿ ಸವೆದ ಸಂದಿನಲ್ಲಿ ಜಾರಿಹೋಗುತ್ತದೆ. ನಿಮ್ಮದು ತದ್ವಿರುದ್ಧ: ಬಿಸಿ ಇದ್ದಾಗ ಸರಿ, ರಾತ್ರಿ ನಿಂತ ಮೇಲೆ ಕಷ್ಟ. ಸೆಲ್ಫ್ ಜೋರಾಗಿ ಸುತ್ತುವುದರಿಂದ ಬ್ಯಾಟರಿಯ ಮೇಲೆ ಸಂಶಯವಿಲ್ಲ. ರಾತ್ರಿಯಲ್ಲಿ ಡೀಸೆಲ್ ಪೈಪಿನಿಂದ ಟ್ಯಾಂಕಿಗೆ ಇಳಿದುಹೋಗುತ್ತಿದೆ, ಅದರ ಜಾಗಕ್ಕೆ ಗಾಳಿ ಬರುತ್ತಿದೆ ಎಂಬುದು ನನ್ನ ಮೊದಲ ಅನುಮಾನ.

ನಾಳೆ ಬೆಳಗ್ಗೆ ಕೀ ತಿರುಗಿಸುವ ಮುಂಚೆ ಫಿಲ್ಟರ್ ಬಳಿಯ ಹ್ಯಾಂಡ್ ಪಂಪ್ ಒತ್ತಿ ನೋಡಿ. ಮೊದಲ ಒತ್ತಿಗೇ ಬಿಗಿಯಾಗಿದ್ದರೆ ಪೈಪಿನಲ್ಲಿ ಡೀಸೆಲ್ ಇದೆ. ಹತ್ತು ಹದಿನೈದು ಸಲ ಮೆತ್ತಗೆ ಹೋಗಿ ಆಮೇಲೆ ಬಿಗಿಯಾದರೆ, ಆಗ ಸೆಲ್ಫ್ ಹೊಡೆದ ತಕ್ಷಣ ಸ್ಟಾರ್ಟ್ ಆದರೆ, ಕಳ್ಳ ಸಿಕ್ಕಿದಂತೆ. ಖಚಿತಪಡಿಸಿಕೊಳ್ಳಲು ಪಂಪಿಗೆ ಹೋಗುವ ರಬ್ಬರ್ ಪೈಪಿನ ಜಾಗದಲ್ಲಿ ಡೀಸೆಲ್ ತಡೆಯುವ ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಹಾಕಿಸಿ. ಗುಳ್ಳೆ ಕಣ್ಣಿಗೇ ಕಾಣುತ್ತದೆ.

ಎಲ್ಲೂ ಡೀಸೆಲ್ ತೊಟ್ಟಿಕ್ಕುತ್ತಿಲ್ಲವಲ್ಲ ಎಂದು ಮೆಕ್ಯಾನಿಕ್ ಹೇಳಬಹುದು. ಟ್ಯಾಂಕಿನಿಂದ ಪಂಪಿನವರೆಗಿನದು ಎಳೆಯುವ ಪೈಪು. ಅಲ್ಲಿ ಸಣ್ಣ ಸಂದಿದ್ದರೆ ಗಾಳಿ ಒಳಗೆ ಹೋಗುತ್ತದೆ, ಡೀಸೆಲ್ ಹೊರಗೆ ಬರುವುದಿಲ್ಲ. ಹಾಗಾಗಿ ಒಣಗಿ ಕಾಣುವ ಜಾಯಿಂಟನ್ನೂ ನಂಬಬೇಡಿ. ಗಟ್ಟಿಯಾದ ರಬ್ಬರ್ ಪೈಪು, ಫಿಲ್ಟರಿನ ಓ-ರಿಂಗ್, ನಾಝಲ್‌ಗಳ ರಿಟರ್ನ್ ಪೈಪು, ಪೈಪಿನ ತುದಿಯ ತಾಮ್ರದ ವಾಷರ್‌ಗಳನ್ನು ಈ ಕ್ರಮದಲ್ಲೇ ನೋಡಿ. ತಾಮ್ರದ ವಾಷರ್ ಒಮ್ಮೆ ಬಿಗಿದ ಮೇಲೆ ಚಪ್ಪಟೆಯಾಗುತ್ತದೆ. ಫಿಲ್ಟರ್ ಬದಲಿಸುವಾಗಲೆಲ್ಲ ಹೊಸದನ್ನೇ ಹಾಕಿಸಿ. ಅತಿ ಅಗ್ಗದ ವಸ್ತು, ಆದರೆ ಅದನ್ನು ಉಳಿಸಲು ಹೋಗಿ ಪಂಪ್ ಬಿಚ್ಚಿಸಿದವರು ಬಹಳ ಜನ.

ಹ್ಯಾಂಡ್ ಪಂಪ್ ಬಿಗಿಯಾಗಿಯೇ ಇದ್ದು ಸ್ಟಾರ್ಟ್ ಆಗದಿದ್ದರೆ ಸೈಲೆನ್ಸರ್ ನೋಡಿ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರ್ ತಲುಪುತ್ತಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್ ಇರುವ ಎಂಜಿನ್ ಆದರೆ ಅದನ್ನು ಪರೀಕ್ಷಿಸಿ, ಆಮೇಲೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಎಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆ ಎಂಬುದು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಲೇ ಇಲ್ಲ. ಪಂಪಿನ ಮೇಲಿನ ಸ್ಟಾಪ್ ಸೊಲೆನಾಯ್ಡಿಗೆ (ಕೀ ಆಫ್ ಮಾಡಿದಾಗ ಡೀಸೆಲ್ ನಿಲ್ಲಿಸುವ ಕರೆಂಟ್ ವಾಲ್ವ್) ಕರೆಂಟ್ ಬರುತ್ತಿದೆಯೇ ನೋಡಿ. ಅಂದ ಹಾಗೆ, ಮುಂಬೈಯ ಚಳಿ ಅಂಥದ್ದೇನಲ್ಲ. ಕಂಪ್ರೆಶನ್ ಚೆನ್ನಾಗಿರುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಇಲ್ಲಿ ಜನವರಿಯಲ್ಲೂ ಸುಲಭವಾಗಿ ಸ್ಟಾರ್ಟ್ ಆಗಬೇಕು. 'ಚಳಿಗೆ ಹಾಗೇ' ಎಂಬ ಸಮಾಧಾನ ಒಪ್ಪಬೇಡಿ.

ಇದೇ ದೋಷವಿರುವ ಬೇರೆ ಓದುಗರಿಗೆ ಒಂದು ಎಚ್ಚರಿಕೆ: ನಿಮ್ಮದು ಕಾಮನ್ ರೈಲ್ ಎಂಜಿನ್ (ಎಲ್ಲ ನಾಝಲ್‌ಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲ್ ಹೋಗುವ ಹೊಸ ಬಗೆ) ಆದರೆ ಗಾಳಿ ತೆಗೆಯಲು ನಾಝಲ್ ಪೈಪಿನ ನಟ್ ಸಡಿಲಿಸಬಾರದು. ಅಲ್ಲಿನ ಒತ್ತಡ ಸಾವಿರ ಬಾರ್ ದಾಟಬಹುದು. ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಪ್ರಶ್ನೆ: ಪುಣೆ ಮಾರ್ಕೆಟ್ ಯಾರ್ಡಿಗೆ ಬೆಳಗಾವಿ ಕಡೆಯಿಂದ ಟಾಟಾ 207ರಲ್ಲಿ ಮಾಲು ತರುತ್ತೇವೆ. ಕಾತ್ರಜ್‌ನ ಹೊಸ ಸುರಂಗ ದಾಟಿ ನವಲೆ ಸೇತುವೆ ಕಡೆ ಇಳಿಯುವಾಗ ಒಂದು ಸಲ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಹೇಗೋ ನಿಲ್ಲಿಸಿದೆವು. ಗ್ಯಾರೇಜಿನಲ್ಲಿ ಬ್ರೇಕ್ ಶೂ ಬದಲಿಸಿದ್ದಾರೆ. ಡ್ರೈವರ್ ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುತ್ತಾನೆ, ಕೆಲವೊಮ್ಮೆ ಎಂಜಿನ್ ಕೂಡ ಆಫ್ ಮಾಡುತ್ತಾನೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಇದೆ, ನೇರ ಸಂಬಂಧವಿದೆ. ಈ ಪತ್ರ ಓದಿ ನನಗೆ ನಿಜವಾಗಿ ಭಯವಾಯಿತು. ಆ ಇಳಿಜಾರಿನಲ್ಲಿ 2022ರ ನವೆಂಬರ್‌ನಲ್ಲಿ ಒಂದೇ ಅಪಘಾತದಲ್ಲಿ ಹತ್ತಾರು ವಾಹನ ಜಜ್ಜಿಹೋದದ್ದು ಪುಣೆಯವರಿಗೆಲ್ಲ ನೆನಪಿದೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬ್ರೇಕ್ ಹಿಡಿಯಲಿಲ್ಲ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಕಾಯಿಲೆಗಳಿರುತ್ತವೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಪೈಪಿನಲ್ಲಿ ಗಾಳಿ, ಸೋರಿಕೆ ಅಥವಾ ಕುದಿದ ಬ್ರೇಕ್ ಆಯಿಲ್. ಪೆಡಲ್ ಮಾಮೂಲಿನಂತಿದ್ದು, ಸುಟ್ಟ ವಾಸನೆ ಬಂದು, ಗಾಡಿ ನಿಲ್ಲದಿದ್ದರೆ ಡ್ರಮ್ ಮತ್ತು ಲೈನರ್ ಅತಿಯಾಗಿ ಕಾದಿವೆ. ಪೆಡಲ್ ಕಲ್ಲಿನಂತಾದರೆ ಬೂಸ್ಟರಿಗೆ, ಅಂದರೆ ಗಾಳಿಯಿಲ್ಲದ ಸೆಳೆತದಿಂದ (ವ್ಯಾಕ್ಯೂಮ್) ಕಾಲಿನ ಒತ್ತಿಗೆ ಬಲ ಸೇರಿಸುವ ಡಬ್ಬಿಗೆ, ಆ ವ್ಯಾಕ್ಯೂಮ್ ಸಿಗುತ್ತಿಲ್ಲ. ನಿಮ್ಮದು ಮೂರನೆಯದು, ಶೂ ಬದಲಿಸಿದ್ದರಿಂದ ಅದು ವಾಸಿಯಾಗುವುದಿಲ್ಲ.

ಪೆಟ್ರೋಲ್ ಎಂಜಿನ್ನಿನಲ್ಲಿ ವ್ಯಾಕ್ಯೂಮ್ ತಾನಾಗಿ ಹುಟ್ಟುತ್ತದೆ, ಡೀಸೆಲ್‌ನಲ್ಲಿ ಅದಕ್ಕೆ ಪ್ರತ್ಯೇಕ ಪಂಪ್ ಬೇಕು. ನಮ್ಮ ಬಹಳಷ್ಟು ಹಳೇ ಡೀಸೆಲ್ ಪಿಕಪ್‌ಗಳಲ್ಲಿ ಆ ಪಂಪ್ ಇರುವುದು ಆಲ್ಟರ್ನೇಟರ್, ಅಂದರೆ ಗ್ಯಾರೇಜಿನಲ್ಲಿ ಡೈನಮೋ ಅನ್ನುವುದರ, ಬೆನ್ನಿಗೆ. ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್. ಬೆಲ್ಟ್ ಜಾರಿದರೆ ಚಾರ್ಜಿಂಗ್ ಜೊತೆಗೆ ಬ್ರೇಕಿನ ಸಹಾಯವೂ ಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ದೀಪ ಹತ್ತಿದರೆ 'ಊರಿಗೆ ಹೋಗಿ ನೋಡೋಣ' ಎಂದು ಘಾಟಿ ಇಳಿಯಬೇಡಿ. ಇಂಥ ಗಾಡಿಯಲ್ಲಿ ಅದು ಬ್ರೇಕಿನ ಎಚ್ಚರಿಕೆಯೂ ಹೌದು.

ಎಂಜಿನ್ ಆಫ್ ಮಾಡಿದಾಗ ಬೂಸ್ಟರಿನಲ್ಲಿ ಉಳಿದಿರುವ ವ್ಯಾಕ್ಯೂಮ್ ಎರಡು ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಪೆಡಲ್ ಕಲ್ಲು. ನೀವು ಬರೆದದ್ದಕ್ಕೆ ಇದು ಸರಿಯಾಗಿ ಹೊಂದುತ್ತದೆ. ಆದರೂ ಗಾಡಿಯಲ್ಲಿ ದೋಷವಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಎಂಜಿನ್ ನಿಲ್ಲಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿಯಾಗಲು ಬಿಡಿ. ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗೆ ಇಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಪಂಪ್, ಅದರ ಪೈಪು ಅಥವಾ ಬೂಸ್ಟರ್ ಕೆಟ್ಟಿದೆ. ಮತ್ತೆ ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ, ಐದು ನಿಮಿಷ ಬಿಟ್ಟು ಒತ್ತಿ. ಮೊದಲ ಒತ್ತು ಹಗುರವಾಗಿರಬೇಕು. ಮೊದಲ ಒತ್ತೇ ಗಟ್ಟಿಯಾದರೆ ಪೈಪಿನ ನಾನ್-ರಿಟರ್ನ್ ವಾಲ್ವ್ ಅಥವಾ ಡಯಾಫ್ರಾಮ್ ಸೋರುತ್ತಿದೆ. ಇದಕ್ಕೆ ಒಂದು ಸ್ಪ್ಯಾನರ್ ಕೂಡ ಬೇಕಿಲ್ಲ, ಪ್ರತಿ ವಾರ ಮಾಡಿ.

ಇನ್ನು ಡೀಸೆಲ್ ಉಳಿತಾಯದ ಮಾತು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತವೆ, ಪಂಪಿನ ಗವರ್ನರ್ ಡೀಸೆಲ್ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಬೇಕಾದಷ್ಟು ಡೀಸೆಲ್ ಉರಿಯುತ್ತಲೇ ಇರುತ್ತದೆ. ಹಾಗಾಗಿ ಕಡಿದಾದ ಇಳಿಜಾರಿನಲ್ಲಿ ನ್ಯೂಟ್ರಲ್ ಏನನ್ನೂ ಉಳಿಸುವುದಿಲ್ಲ, ಎಂಜಿನ್ನಿನ ಹಿಡಿತವನ್ನು ಮಾತ್ರ ಕಳೆಯುತ್ತದೆ. ಇದನ್ನು ಡ್ರೈವರಿಗೆ ಬೈದು ಹೇಳಬೇಡಿ, ಕೂರಿಸಿ ವಿವರಿಸಿ. ಎಷ್ಟೋ ವರ್ಷದ ನಂಬಿಕೆ ಅದು, ಕಾರಣ ತಿಳಿದರೆ ಮಾತ್ರ ಬಿಡುತ್ತಾರೆ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ನಿಮ್ಮ ದಾರಿಯ ಖಂಬಾಟ್ಕಿ ಘಾಟಿಯಲ್ಲೂ ಇದೇ ನಿಯಮ. ಇಳಿದ ಮೇಲೆ ಕಾದ ಡ್ರಮ್ಮಿಗೆ ನೀರು ಸುರಿಯುವ ಅಭ್ಯಾಸವಿದ್ದರೆ ನಿಲ್ಲಿಸಿ, ಡ್ರಮ್ ಬಿರುಕು ಬಿಡುತ್ತದೆ.

ನೀವು ಕೇಳದ ಒಂದು ಸಂಗತಿ. ಹೆಚ್ಚು ಮಾಲು ಹೊರಲು ಹಿಂದಿನ ಪಾಟಾಗಳನ್ನು (ಸ್ಪ್ರಿಂಗ್ ಪಟ್ಟಿಗಳನ್ನು) ಹೆಚ್ಚಿಸಿದ್ದೀರಾ? ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿಯೂ ವಾಲ್ವೂ ಇರುತ್ತವೆ. ಲೋಡ್ ಬಿದ್ದು ಚಾಸಿ ತಗ್ಗಿದಷ್ಟೂ ಆ ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಪಾಟಾ ಹೆಚ್ಚಿಸಿದರೆ ಚಾಸಿ ತಗ್ಗುವುದಿಲ್ಲ, ಗಾಡಿ ಖಾಲಿಯಿದೆ ಎಂದೇ ವಾಲ್ವಿನ ಲೆಕ್ಕ. ಆಗ ತುಂಬಿದ ಗಾಡಿಯನ್ನು ಹೆಚ್ಚುಕಡಿಮೆ ಮುಂದಿನ ಬ್ರೇಕೇ ನಿಲ್ಲಿಸಬೇಕು, ಅದು ಬೇಗ ಕಾಯುತ್ತದೆ. ಆ ಕಡ್ಡಿ ತುಕ್ಕು ಹಿಡಿದು ಸಿಕ್ಕಿಕೊಂಡಿದ್ದರೂ ಹೀಗೇ ಆಗಬಹುದು.

ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಈ ವ್ಯತ್ಯಾಸ ದೊಡ್ಡದು.

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮ ಹೋಟೆಲ್ಲಿಗೆ ಹಳೇ ಟಾಟಾ ಏಸ್ ಇದೆ. ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತದೆ ಎಂದು ಥರ್ಮೋಸ್ಟಾಟ್ ತೆಗೆದುಬಿಟ್ಟಿದ್ದಾರೆ. ಇನ್ನೂ ಬಿಸಿಯಾಗುತ್ತಿದೆ.

ಮೊದಲು ಥರ್ಮೋಸ್ಟಾಟ್ ವಾಪಸ್ ಹಾಕಿಸಿ. ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್ ಅದು. ಬೈಪಾಸ್ ದಾರಿಯಿರುವ ಎಂಜಿನ್ನಿನಲ್ಲಿ ಅದನ್ನು ತೆಗೆದರೆ ಸ್ವಲ್ಪ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ. ಬೆಳಗಿನ ಸಣ್ಣ ಓಡಾಟದಲ್ಲಿ ಎಂಜಿನ್ ಬಿಸಿಯೇರದೆ ಸವೆಯುವುದು ಬೇರೆ. 2005ರಲ್ಲಿ ಪುಣೆಯಲ್ಲೇ ತಯಾರಾಗಲು ಶುರುವಾದ, ಎರಡೇ ಸಿಲಿಂಡರಿನ ಆ ಪುಟ್ಟ ಎಂಜಿನ್ ಕೂಲಿಂಗ್ ಸರಿಯಿದ್ದರೆ ಬಾಳಿಕೆ ಬರುತ್ತದೆ. ನಿಂತಾಗ ಬಿಸಿ, ಓಡುವಾಗ ತಂಪು ಎಂದರೆ ಫ್ಯಾನ್ ಕಡೆ ನೋಡಿ. ಓಡುವಾಗಲೂ ಬಿಸಿಯೇರಿದರೆ ರೇಡಿಯೇಟರಿನ ಜಾಲರಿಯಲ್ಲಿ ಕಟ್ಟಿದ ಮಣ್ಣು, ಒಳಗಿನ ಕೊಳೆ, ಸಡಿಲವಾದ ಕ್ಯಾಪ್. ತಣ್ಣಗಿನ ಎಂಜಿನ್ನಿನಲ್ಲಿ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದಾಗ ಗುಳ್ಳೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಆಗ ಗಾಡಿ ಓಡಿಸಬೇಡಿ.

ಪ್ರಶ್ನೆ: ವಾಸ್ಕೊದಲ್ಲಿದ್ದೇನೆ. ಚೋರ್ಲಾ ಘಾಟಿಯ ಮೇಲೆ ಬೆಳಗಾವಿಗೆ ಮೀನು, ಬರುವಾಗ ತರಕಾರಿ. ತುಕ್ಕಿಗೆಂದು ಪ್ರತಿ ವರ್ಷ ಚಾಸಿಗೆ ಸುಟ್ಟ ಎಂಜಿನ್ ಆಯಿಲ್ ಬಳಿಯುತ್ತೇವೆ. ಸಾಕೇ?

ಸಾಲದು, ಹಾನಿಯೂ ಇದೆ. ಸುಟ್ಟ ಆಯಿಲ್ ರಬ್ಬರ್ ಬುಷ್‌ಗಳನ್ನೂ ಬ್ರೇಕ್ ಹೋಸನ್ನೂ ಊದಿಸಿ ಹಾಳುಮಾಡುತ್ತದೆ, ಮಳೆಗೆ ತೊಳೆದು ಹಳ್ಳ ಸೇರುತ್ತದೆ. ನಿಮ್ಮ ಗಾಡಿಗೆ ಕಡಲ ಗಾಳಿಗಿಂತ ದೊಡ್ಡ ಶತ್ರು ಮೀನಿನ ಮಂಜುಗಡ್ಡೆ ಕರಗಿ ಬರುವ ಉಪ್ಪು ನೀರು. ಅದು ಹಲಗೆಯ ಸಂದಿನಿಂದ ಇಳಿದು ಚಾಸಿಯ ಮೇಲೆ, ಪಾಟಾಗಳ ನಡುವೆ, ಹಿಂದಿನ ಬ್ರೇಕ್ ಪೈಪಿನ ಕ್ಲಿಪ್‌ಗಳ ಅಡಿಯಲ್ಲಿ ನಿಲ್ಲುತ್ತದೆ. ಆ ನೀರನ್ನು ಪೈಪು ಹಾಕಿ ಗಾಡಿಯ ಹಿಂದಕ್ಕೆ ಬಿಡುವ ವ್ಯವಸ್ಥೆ ಮಾಡಿ. ಮೀನು ಇಳಿಸಿದ ದಿನವೇ ಕೆಳಭಾಗವನ್ನು ಸಿಹಿನೀರಿನಲ್ಲಿ ತೊಳೆಯಿರಿ. ಇವೆರಡೇ ಅರ್ಧ ಕೆಲಸ.

ಉಳಿದರ್ಧವನ್ನು ಮೇ ತಿಂಗಳೊಳಗೆ ಮುಗಿಸಿ, ಜೂನ್ ಬಂದರೆ ಗೋವಾದಲ್ಲಿ ಏನೂ ಒಣಗುವುದಿಲ್ಲ. ಚಾಸಿಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತಿಂದುಹೋದ ಜಾಗ ಡಬ್ ಎನ್ನುತ್ತದೆ. ನೀರಿಳಿಯುವ ತೂತುಗಳಲ್ಲಿನ ಮಣ್ಣು ತೆಗೆಯಿರಿ. ತುಕ್ಕನ್ನು ತಂತಿ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿ ಝಿಂಕ್ ಪ್ರೈಮರ್, ಮೇಲೆ ಬಣ್ಣ. ಪೆಟ್ಟಿಗೆಯಂಥ ಭಾಗದ ಒಳಗೆ ಸಿಂಪಡಿಸುವ ಮೇಣ ಸಿಗುತ್ತದೆ, ಅದನ್ನು ಹಾಕಿಸಿ. ಬ್ರೇಕ್ ಪೈಪಿನ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಉಜ್ಜಬೇಡಿ, ಪೈಪನ್ನೇ ಬದಲಿಸಿ. ಚಾಸಿಯ ಮೇಲಿನ, ಕೆಳಗಿನ ಅಂಚಿಗೆ ಅಡ್ಡಲಾಗಿ ವೆಲ್ಡಿಂಗ್ ಮಾಡಿಸಬೇಡಿ, ಪಕ್ಕದಲ್ಲೇ ಬಿರುಕು ಬಿಡುತ್ತದೆ. ಹಿಂದಿನ ಆಕ್ಸಲ್ಲಿನ ಗಾಳಿಕಿಂಡಿಯನ್ನೂ ನೋಡಿ. ಅದು ಮುಚ್ಚಿಹೋಗಿದ್ದರೆ, ಬಿಸಿ ಆಕ್ಸಲ್ ನೀರಿಗಿಳಿದಾಗ ಸೀಲಿನ ಮೂಲಕ ನೀರು ಎಳೆದುಕೊಳ್ಳುತ್ತದೆ. ಗೇರ್ ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ಅದೇ ದಿನ ಬದಲಿಸಿ.

ಪ್ರಶ್ನೆ: ಪಿಂಪ್ರಿಯಲ್ಲಿ ಓಡುವ ನನ್ನ ಪಿಕಪ್ ಆಯಿಲ್ ಕುಡಿಯುತ್ತಿದೆ. ಎಂಜಿನ್ ಬೋರಿಗೆ ಬಂದಿದೆ (ಸವೆದ ಸಿಲಿಂಡರ್ ಕೊರೆದು ಹೊಸ ಪಿಸ್ಟನ್ ಹಾಕಿಸಬೇಕು) ಅನ್ನುತ್ತಾರೆ. ಮಾಡಿಸುವುದೋ, ಮಾರುವುದೋ?

ಆಯಿಲ್ ಉರಿಯುತ್ತಿದೆಯೋ ಸೋರುತ್ತಿದೆಯೋ ಎಂದು ಮೊದಲು ತಿಳಿಯಬೇಕು. ಮೇಲೆ ಹೇಳಿದ ಡೈನಮೋ ಬೆನ್ನಿನ ವ್ಯಾಕ್ಯೂಮ್ ಪಂಪಿಗೆ ಎಂಜಿನ್ ಆಯಿಲ್ ಹೋಗಿಬರುವ ಪೈಪುಗಳಿವೆ. ಅವು ಹಳತಾದರೆ ಓಡುವಾಗ ಮಾತ್ರ ಸೋರುತ್ತವೆ, ನಿಂತ ಜಾಗದಲ್ಲಿ ಕಲೆಯೂ ಇರುವುದಿಲ್ಲ. ಟರ್ಬೊ ಇದ್ದರೆ ಅದರ ಸೀಲ್ ಕೂಡ ಆಯಿಲ್ ಬಿಡಬಹುದು. ಬಿಸಿ ಎಂಜಿನ್ನನ್ನು ಐಡ್ಲಿಂಗ್‌ನಲ್ಲಿಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ತುಸು ಆವಿ ಸಹಜ. ಬುಸುಬುಸು ಹೊಗೆ ಒತ್ತಿಕೊಂಡು ಬಂದರೆ, ಸೈಲೆನ್ಸರಿನಲ್ಲಿ ನೀಲಿ ಹೊಗೆಯೂ ಇದ್ದರೆ, ರಿಂಗ್ ಮತ್ತು ಲೈನರ್ ಸವೆದಿವೆ.

ಮಾಡಿಸುವ ನಿರ್ಧಾರ ಮಾತ್ರ ಎಂಜಿನ್ ನೋಡಿ ಅಲ್ಲ, ಚಾಸಿ ನೋಡಿ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಫಿಟ್‌ನೆಸ್ ಬೇಕು, ಹದಿನೈದು ದಾಟಿದವಕ್ಕೆ ಅದರ ಶುಲ್ಕ 2022ರ ಏಪ್ರಿಲ್‌ನಿಂದ ಏರಿದೆ. ತುಕ್ಕು ತಿಂದ ಚಾಸಿಯ ಮೇಲೆ ಹೊಸ ಬೋರ್ ಮಾಡಿಸುವುದು ದುಡ್ಡನ್ನು ನೀರಿಗೆ ಹಾಕಿದಂತೆ. ಚಾಸಿ, ಗೇರ್‌ಬಾಕ್ಸ್, ಆಕ್ಸಲ್ ಗಟ್ಟಿಯಿದ್ದರೆ ಮಾಡಿಸಿ ಎಂದೇ ಹೇಳುತ್ತೇನೆ. ಆಗ ಮಷೀನ್ ಶಾಪಿನವರು ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ ಅಳೆದ ಅಂಕಿಗಳನ್ನು ಬರೆದುಕೊಡಲಿ. ಕ್ರ್ಯಾಂಕಿನ ಅಳತೆಯೂ ಅದೇ ಚೀಟಿಯಲ್ಲಿರಲಿ. ಚೀಟಿ ಕೈಗೆ ಬರುವವರೆಗೆ ಪಿಸ್ಟನ್ ಸೆಟ್ಟಿಗೆ ಮುಂಗಡ ಕೊಡಬೇಡಿ.